ಲೆಕ್ಕಕ್ಕಿಲ್ಲದ ಹಾಳೆ

ರಘುನಾಥ್ ಅವರ ಕೈಪಿಡಿಯ ಪ್ರಕಾರ ನಮ್ಮಜ್ಜಿ ಒಂದು ಕಲೆ. 'ಹೊಸೂರು ಕಡೆಯ ಪ್ರತಿಗಳ ಕೊನೆಯ ಹಾಳೆಯಲ್ಲಿ ಎಣ್ಣೆ, ಕುಂಕುಮ ಮತ್ತು ಹೆಬ್ಬೆಟ್ಟಿನ ಕಲೆಗಳು ಸಾಮಾನ್ಯ. ಇಂಥವನ್ನು ಕಳಪೆ ದರ್ಜೆಗೆ ಸೇರಿಸತಕ್ಕದ್ದು' ಎಂದು ಅವರು ಬರೆದಿದ್ದಾರೆ. ಸೇರಿಸತಕ್ಕದ್ದಂತೆ! ನಮ್ಮ ಮನೆಯ ಹೆಂಗಸರನ್ನು ದರ್ಜೆಗೆ ಸೇರಿಸುವ ಅಧಿಕಾರವನ್ನು ಈ ಮನುಷ್ಯನಿಗೆ ಕೊಟ್ಟವರು ಯಾರು? ಆ ಸಾಲು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಕೈಪಿಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಬಾಗಲೂರು ಶೇಷಗಿರಿಯಪ್ಪ ನಮ್ಮ ಸೀಮೆಯ ದೊಡ್ಡ ಕಾದಂಬರಿಕಾರರು. ತೀರಿಕೊಂಡು ಬಹಳ ಕಾಲವಾಯಿತು. ಅವರ ಪುಸ್ತಕಗಳ ಮೊದಲ ಮುದ್ರಣಗಳನ್ನು ಹುಡುಕಿ ಕೂಡಿಡುವ ಹುಚ್ಚು ಬೆಂಗಳೂರಿನಲ್ಲಿ ಕೆಲವರಿಗೆ ಹಿಡಿದಿದೆ. ಅಂಥವರಿಗೆ ದಾರಿ ತೋರಿಸಲು ರಘುನಾಥ್ ದಪ್ಪನೆಯ ಪುಸ್ತಕವೊಂದನ್ನು ಬರೆದಿದ್ದಾರೆ. ಯಾವುದು ನಿಜವಾದ ಮೊದಲ ಮುದ್ರಣ, ಯಾವುದು ಆಮೇಲಿನದು, ರಟ್ಟು ನೀಲಿಯೋ ಹಸಿರೋ, ಒಳಗಿನ ಬಾವಿಯ ಚಿತ್ರ ತಲೆಕೆಳಗಾಗಿ ಅಚ್ಚಾಗಿದೆಯೋ ಇಲ್ಲವೋ, ಎಲ್ಲವೂ ಅದರಲ್ಲಿದೆ. ಕಥೆ ಏನು ಅನ್ನುವುದೊಂದು ಇಲ್ಲ. ಚಿನ್ನ ತೂಗುವವನು ಈ ತಾಳಿ ಯಾರದೆಂದು ಕೇಳುವುದಿಲ್ಲವಲ್ಲ, ಹಾಗೆ.

ಶೇಷಗಿರಿಯಪ್ಪನವರ 'ಗಡಿಬಾವಿ ಗಂಗಮ್ಮ' ನಮ್ಮ ಮನೆಯಲ್ಲಿತ್ತು. ಮೊದಲ ಮುದ್ರಣ, ನೀಲಿ ರಟ್ಟು, ತಲೆಕೆಳಗಾದ ಬಾವಿ. ಅದು ಅಮ್ಮನ ತವರಿನಿಂದ ಬಂದದ್ದು. ಅವಳ ತವರು ಸಾನಮಾವು, ಕಾಡಿನ ಅಂಚಿನ ಊರು. ಶಿವರಾತ್ರಿ ಕಳೆದರೆ ಅಲ್ಲಿ ಮನೆಮನೆಯ ಮುಂದೆ ಹುಣಸೆಹಣ್ಣಿನ ರಾಶಿ ಬೀಳುತ್ತಿತ್ತು. ಹೆಂಗಸರೆಲ್ಲ ಅಜ್ಜಿಯ ಅಂಗಳದಲ್ಲಿ ಸೇರಿ, ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಓದು ಬಂದವರು ಯಾರಾದರೂ ಹೊಸ್ತಿಲ ಮೇಲೆ ಕೂತು ಈ ಪುಸ್ತಕವನ್ನು ಗಟ್ಟಿಯಾಗಿ ಓದುವುದು. ಹೊತ್ತು ಇಳಿಯಿತೆಂದರೆ ಆನೆ ಬರುವ ಭಯ, ಕಥೆ ಎಲ್ಲಿದ್ದರೂ ಅಲ್ಲಿಗೇ ನಿಲ್ಲಬೇಕು. ಎಷ್ಟೋ ಸಲ ಗಂಗಮ್ಮ ಅಮಲ್ದಾರನ ಎದುರು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಇವರು ಮೊರ ಎತ್ತಿಕೊಂಡು ಮನೆಗೆ ಓಡಬೇಕಾಗುತ್ತಿತ್ತಂತೆ.

ಕಥೆ ಮುಗಿದ ದಿನ ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸುತ್ತಿದ್ದರು. ಮೊದಲಿನಿಂದ ಕೊನೆಯವರೆಗೆ ಕೇಳಿದವರು ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಬೇಕು. ನಡುವೆ ಒಂದು ದಿನ ತಪ್ಪಿಸಿಕೊಂಡರೂ ಒತ್ತುವ ಹಾಗಿಲ್ಲ, ಮುಂದಿನ ಹುಣಸೆ ಕಾಲಕ್ಕೆ ಮತ್ತೆ ಮೊದಲಿನಿಂದ ಕೇಳಬೇಕು. ಅಷ್ಟು ಕಟ್ಟುನಿಟ್ಟು. ಓದು ಬರಹ ಇಲ್ಲದ ಹೆಂಗಸರು ಈ ಪುಸ್ತಕ ನಮ್ಮದೂ ಹೌದು ಎಂದು ಹಾಕಿದ ಸಹಿ ಅದು.

ನಮ್ಮಜ್ಜಿ ಅಶ್ವತ್ಥಮ್ಮ ಬದುಕಿನಲ್ಲಿ ಎರಡೇ ಕಡೆ ಹೆಬ್ಬೆಟ್ಟು ಒತ್ತಿದವಳು. ಕೈಗಾರಿಕೆಗೆ ಜಮೀನು ಹೋದಾಗ ಸರ್ಕಾರದ ಕಾಗದದ ಮೇಲೆ ಒಮ್ಮೆ, ಅಳುತ್ತಾ. ಈ ಹಾಳೆಯ ಮೇಲೆ ಒಮ್ಮೆ, ನಗುತ್ತಾ. ಅವಳದೊಂದು ಫೋಟೊ ಕೂಡ ಇಲ್ಲ. ಹಾಳೆಯ ಬಲ ಮೂಲೆಯ ಗುರುತು ಅವಳದು, ಕುಡುಗೋಲು ತಾಗಿದ ಗೀರು ಅಡ್ಡಕ್ಕೆ ಎದ್ದು ಕಾಣುತ್ತಿತ್ತು. ಪ್ರತಿ ವರ್ಷ ಸರಸ್ವತಿ ಪೂಜೆಯ ದಿನ ಅಮ್ಮ ಆ ಹಾಳೆ ತೆರೆದು, ಆ ಗುರುತಿನ ಮೇಲೆ ತನ್ನ ಹೆಬ್ಬೆರಳನ್ನಿಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದಳು. ಅವಳಿಗೆ ತಾಯಿಯದೆಂದು ಉಳಿದಿದ್ದು ಅಷ್ಟೇ.

ಇನ್ನು ನನ್ನ ತಮ್ಮ ಮೂರ್ತಿ. ಹೊಸೂರಿನ ಆಲಸನತ್ತದಲ್ಲಿ ಮನೆ ಮಾಡಿಕೊಂಡು ಅಮ್ಮನನ್ನು ಜೊತೆಗಿಟ್ಟುಕೊಂಡಿದ್ದಾನೆ. ಕೆಲಸ ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವುದು. ಅವನ ಪಾಲಿಗೆ ಲೋಕದಲ್ಲಿರುವುದು ಎರಡೇ, ಓಕೆ ಮತ್ತು ರಿಜೆಕ್ಟ್. ಅಮ್ಮ ಬಡಿಸಿದ ಮುದ್ದೆಯನ್ನೂ ಒಂದು ಸುತ್ತು ತಿರುಗಿಸಿ ನೋಡಿಯೇ ತಿನ್ನುವವನು. ಹೋದ ವರ್ಷ ರಘುನಾಥ್ ಯಾರಿಂದಲೋ ಕೇಳಿಕೊಂಡು ಅವನ ಮನೆಗೆ ಬಂದರು. ಪುಸ್ತಕ ನೋಡಿ, ಎಲ್ಲ ಚೆನ್ನಾಗಿದೆ, ಕೊನೆಯ ಹಾಳೆಯೊಂದು ಕೆಟ್ಟಿದೆ ಎಂದರು. ಕೈಪಿಡಿಯ ಎರಡನೆಯ ಆವೃತ್ತಿಯಲ್ಲಿ ಅತ್ಯುತ್ತಮ ಪ್ರತಿಯ ಬಣ್ಣದ ಚಿತ್ರ ಹಾಕುತ್ತಾರಂತೆ, ಒಡೆಯರ ಹೆಸರಿನ ಸಮೇತ. ಹೋಗುವಾಗ ಮೂರ್ತಿಗೆ ಕೈಪಿಡಿಯೊಂದನ್ನು ಉಡುಗೊರೆ ಕೊಟ್ಟು ಹೋದರು.

ಹುಟ್ಟಿದಾಗಿನಿಂದ ಗಂಗಮ್ಮನ ಕಥೆಯ ಒಂದು ಪುಟ ತೆರೆಯದವನು ಕೈಪಿಡಿಯನ್ನು ಪಾರಾಯಣ ಮಾಡತೊಡಗಿದ. "ನಮ್ಮೆಸ್ರು ಒಂದ್ ಪುಸ್ತಕದಾಗೆ ಬತ್ತದೆ ಅಕ್ಕಾ," ಎಂದು ಫೋನಿನಲ್ಲಿ ನನಗೆ ಹೇಳುತ್ತಿದ್ದ. "ನಮ್ ವಂಶದಾಗೆ ಯಾರ್ದು ಬಂದೈತೆ ಹೇಳು?" ಅವನ ಆಸೆ ನನಗೆ ತಪ್ಪೆನಿಸಲಿಲ್ಲ. ನಾನೂ ಕನ್ನಡ ಶಾಲೆಯ ಟೀಚರು. ತಮಿಳು ಸೀಮೆಯಲ್ಲಿ ಕನ್ನಡದ ಪುಸ್ತಕವೊಂದಕ್ಕೆ ಮರ್ಯಾದೆ ಸಿಗುತ್ತದೆ ಅಂದರೆ ಬೇಡ ಅನ್ನಲಿಕ್ಕಾಗುತ್ತದೆಯೇ?

ಈ ಸಲ ಶಿವರಾತ್ರಿಯಾದ ಮೇಲಿನ ಒಂದು ಭಾನುವಾರ ರಘುನಾಥ್ ಮತ್ತೆ ಬರುತ್ತಾರೆಂದು ಮೂರ್ತಿ ನನ್ನನ್ನೂ ಕರೆದ. ನಮ್ಮ ಮರದ ಹುಣಸೆಹಣ್ಣಿನ ಮೂಟೆಯೊಂದನ್ನು ಬಸ್ಸಿಗೆ ಹಾಕಿಕೊಂಡು ಹೋದೆ. ಅಷ್ಟರಲ್ಲಿ ಅವರು ಬಂದಾಗಿತ್ತು. ನಡುಮನೆಯ ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿ, ಅದರ ಮೇಲೆ ಪುಸ್ತಕ ಮಲಗಿಸಿ, ಕೈಗೆ ಬಿಳಿಯ ಗವುಸು ತೊಟ್ಟು ಒಂದೊಂದೇ ಪುಟ ಮಗುಚುತ್ತಿದ್ದರು.

"ಅದ್ಭುತ," ಎಂದರು. "ಇಷ್ಟು ಶುಭ್ರವಾದ ಪ್ರತಿ ನಾನು ನೋಡೇ ಇಲ್ಲ."

ಅಷ್ಟು ಹೆಬ್ಬೆಟ್ಟುಗಳಿದ್ದ ಪುಸ್ತಕ ಶುಭ್ರ ಹೇಗಾದೀತು? ಪುಸ್ತಕಕ್ಕೆ ಕೈ ಚಾಚಿದೆ.

"ಬರಿಗೈಲಿ ಮುಟ್ಟಬೇಡಿ ಮೇಡಂ."

ನಮ್ಮ ಮನೆಯಲ್ಲಿ, ನಮ್ಮ ಪುಸ್ತಕವನ್ನು! ಕಿತ್ತುಕೊಂಡೆ ಎಂದೇ ಹೇಳಬೇಕು. ಕೊನೆಗೆ ತಿರುಗಿಸಿದೆ. 'ಮುಗಿಯಿತು' ಎಂದು ಅಚ್ಚಾದ ಪುಟ ಇತ್ತು. ಅದನ್ನು ಮಗುಚಿದರೆ ನೇರ ರಟ್ಟು.

"ಮೂರ್ತಿ, ಹಾಳೆ ಎಲ್ಲೋ?"

"ಯಾವ್ ಹಾಳೆ?"

"ಆಟ ಆಡ್ಬ್ಯಾಡ ಕಣ್ಲಾ. ಹೆಬ್ಬೆಟ್ಟಿನ ಹಾಳೆ."

ಅವನು ಒಂದಿಷ್ಟೂ ಅಳುಕದೆ ಕೈಪಿಡಿ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟ. 'ಕೊನೆಯ ಖಾಲಿ ಹಾಳೆ ಲೆಕ್ಕಕ್ಕಿಲ್ಲ. ಅದು ಇಲ್ಲದಿದ್ದರೂ ಪ್ರತಿ ಪೂರ್ಣವೆಂದೇ ಪರಿಗಣಿಸಬೇಕು.'

"ನೋಡಕ್ಕಾ, ಬುಕ್ಕಲ್ಲೇ ಐತೆ. ಕಲೆ ಇದ್ರೆ ರಿಜೆಕ್ಟು, ಹಾಳೇನೇ ಇಲ್ದಿದ್ರೆ ಓಕೆ. ಅದ್ಕೇ ರೀವರ್ಕ್ ಮಾಡ್ದೆ. ಫ್ಯಾಕ್ಟ್ರಿಗೆ ತಗೊಂಡೋಗಿ, ಹೊಸಾ ಬ್ಲೇಡ್ ಹಾಕಿ, ಸ್ಕೇಲ್ ಇಟ್ಟು ತೆಗ್ದಿವ್ನಿ. ಕೊಯ್ದಿರೋದು ಕಾಣ್ತದಾ ನೋಡು?"

ನಿಜಕ್ಕೂ ಕಾಣುತ್ತಿರಲಿಲ್ಲ. ಅಷ್ಟು ನಾಜೂಕಾಗಿ ತೆಗೆದಿದ್ದ. ಹರಿದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ತೆಗ್ದಿದ್ ಹಾಳೆ ಎಲ್ಲಿ?"

"ಸ್ಕ್ರ್ಯಾಪ್ ಡಬ್ಬಕ್ಕೆ ಹಾಕ್ದೆ. ಆ ಲೋಡು ಆವಾಗ್ಲೇ ಜೂಜುವಾಡಿ ಗುಜರಿಗೆ ಹೋಗ್ಬುಡ್ತು."

"ಅದು ಅಜ್ಜಿ ಕಣೋ ಪಾಪಿ! ಅಜ್ಜೀನ ಕೊಯ್ದು ಗುಜರಿಗೆ ಹಾಕ್ಬುಟ್ಟಲ್ಲೋ!" ಬೀದಿಗೆಲ್ಲ ಕೇಳುವಂತೆ ಕೂಗಿದೆ. ಮೂರ್ತಿಯ ಮುಖದಲ್ಲಿ ಮೊದಲ ಸಲ ಏನೋ ಸರಿದಂತೆ ಕಂಡಿತು. ಅವನಿಗೆ ಆ ಹಾಳೆಯಲ್ಲಿ ಗುರುತುಗಳಿವೆ ಎಂದು ಗೊತ್ತಿತ್ತು. ಅಮ್ಮ ಪ್ರತಿ ವರ್ಷ ಅದರ ಮೇಲೆ ಕೈಯಿಟ್ಟು ಕೂರುವುದನ್ನೂ ಕಂಡಿದ್ದ. ಪೂಜೆ ಎಂದುಕೊಂಡಿದ್ದನಂತೆ. ಯಾರ ಪೂಜೆ ಎಂದು ಒಂದು ಸಲವೂ ಕೇಳದೆ ಬೆಳೆದ ಗಂಡುಮಗ!

"ಮೇಡಂ, ಸಮಾಧಾನ ಮಾಡ್ಕೊಳ್ಳಿ," ಎಂದರು ರಘುನಾಥ್. "ಗ್ರಂಥದ ದೃಷ್ಟಿಯಿಂದ ನೋಡಿದರೆ ನಷ್ಟ ಏನೂ ಆಗಿಲ್ಲ. ಖಾಲಿ ಹಾಳೆ ತಾನೆ?"

ನಾನು ಅವರತ್ತ ತಿರುಗಿದೆ. "ಗಂಗಮ್ಮ ಕೊನೆಗೆ ಏನು ಮಾಡ್ತಾಳೆ ಹೇಳಿ ಸಾರ್."

"ಯಾವ ಗಂಗಮ್ಮ?"

ಕೈಯಲ್ಲಿ ಗವುಸು, ಎದುರಿಗೆ ಅವಳದೇ ಹೆಸರಿನ ಪುಸ್ತಕ. ಯಾವ ಗಂಗಮ್ಮ ಅಂತೆ.

"ಓ, ಕಥೆಯಾ?" ಎಂದು ಆಮೇಲೆ ನಕ್ಕರು. "ನಾನು ಹಳೇ ಪ್ರತಿಗಳನ್ನ ಓದೋದಿಲ್ಲ ಮೇಡಂ. ಓದಿದರೆ ಪುಸ್ತಕದ ಬೆನ್ನು ಸಡಿಲ ಆಗುತ್ತೆ." ನಾಚಿಕೆಯ ಸುಳಿವೂ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳಿಕೊಟ್ಟ ದನಿಯಲ್ಲೇ ಹೇಳಿದರು.

ಅಷ್ಟು ಹೊತ್ತಿಗೆ ಅಮ್ಮ ಕಾಫಿ ತಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲೋಟಗಳನ್ನು ಕೆಳಗಿಟ್ಟು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕೊನೆಯ ಪುಟಕ್ಕೂ ರಟ್ಟಿಗೂ ನಡುವೆ ಹೆಬ್ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಸವರಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಕಾಪಿ ಕುಡೀರಿ ಸ್ವಾಮಿ, ಆರೋಗ್ತದೆ," ಎಂದಳು.

ರಘುನಾಥ್ ಕುಡಿದು, ಫೋಟೊ ತೆಗೆದುಕೊಂಡು, ಕೈಮುಗಿದು ಹೋದರು. ನನಗೆ ಅಮ್ಮನ ಮೇಲೂ ಕೋಪ ಬಂತು. ಅವರು ಮೆಟ್ಟಿಲಿಳಿದದ್ದೇ ತಡ ಮತ್ತೆ ಬಾಯಿ ಮಾಡತೊಡಗಿದೆ.

"ಸುಗುಣಾ, ಬಾಯ್ ಮುಚ್ಕೊಂಡಿರು," ಎಂದಳು ಅಮ್ಮ. "ಮೂರ್ತಿ, ನಿಮ್ಮಕ್ಕ ತಂದಿರೋ ಹುಣ್ಸೆಹಣ್ಣಿನ ಮೂಟೆ ಬಿಚ್ಚು. ಕುಟ್ಟೋ ಕಲ್ಲು ತಗೊಂಡ್ ಬಂದು ಕೂತ್ಕೊ. ಅವ್ಳು ಓದ್ತಾಳೆ. ನೀನು ಬೀಜ ಬಿಡುಸ್ತಾ ಕತೆ ಕೇಳು."

"ಈಗ್ಲಾ?"

"ಇವತ್ತಿಂದ. ಮುಗಿಯೋ ತನಕ."

ಅಮ್ಮನ ಮುಖ ನೋಡಿ ಅವನು ಮೂಟೆ ಬಿಚ್ಚಿದ. ನಾನು ಮೊದಲ ಪುಟ ತೆರೆದು ಓದಿದೆ. ಬೈಗುಳ ಓದುವ ಹಾಗೆ ಓದಿದೆ. ಅಮ್ಮ ಗೋಡೆಗೊರಗಿ ಕೂತಿದ್ದಳು, ಮೂರ್ತಿ ಕಲ್ಲಿಟ್ಟು ಕುಟ್ಟುತ್ತಿದ್ದ, ಒಂದು ಕಣ್ಣು ಫೋನಿನ ಮೇಲೆ. ಅಮ್ಮ ಫೋನೆತ್ತಿ ರಾಗಿ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

ಮರುದಿನ ಅವನು ರಜೆ ಹಾಕಿ ಜೂಜುವಾಡಿಗೆ ಹೋಗಿದ್ದನಂತೆ. ಲಾರಿಗಳ ನಡುವೆ ಗುಜರಿ ಅಂಗಡಿಗಳನ್ನೆಲ್ಲ ಅಲೆದು, ಕಾಗದದ ಮೂಟೆಗಳಿಗೆ ಕೈ ಹಾಕಿ ಹುಡುಕಿ, ಅಂಗಡಿಯವರಿಂದ ತಮಿಳಿನಲ್ಲೂ ತೆಲುಗಿನಲ್ಲೂ ಬೈಸಿಕೊಂಡು ಬರಿಗೈಯಲ್ಲಿ ಬಂದ. ಚೆನ್ನಾಗಿ ಆಯಿತು ಎಂದು ನಾನು ಮುಖಕ್ಕೇ ಹೇಳಿದೆ. ಅಮ್ಮ ಹುಣಸೆಯ ಮೊರ ಅವನ ಮುಂದಿಟ್ಟಳು.

ಶಾಲೆ ಮುಗಿಸಿ ಬಸ್ ಹತ್ತಿ ನಾನು ದಿನವೂ ಹೋಗಿ ಓದಿದೆ. ಕಥೆಯಲ್ಲಿ ಎರಡು ಸೀಮೆಗಳ ನಡುವೆ ಗೆರೆ ಎಳೆಯುವವರು ಗಂಗಮ್ಮನ ಬಾವಿಯ ಮೇಲೇ ಗೆರೆ ಎಳೆದುಬಿಡುತ್ತಾರೆ. ನೀರು ಸೇದಬೇಕಾದರೆ ಎರಡೂ ಕಡೆಯ ಅಪ್ಪಣೆ ಬೇಕೆನ್ನುತ್ತಾರೆ. ಅಲ್ಲಿಗೆ ಬರುವ ಹೊತ್ತಿಗೆ ಮೂರ್ತಿಯ ಕಲ್ಲು ಆಗಾಗ ನಿಲ್ಲತೊಡಗಿತು. "ಅವ್ನ್ ಯಾರು ಅಪ್ಪಣೆ ಕೊಡಾಕೆ?" ಎಂದು ಒಮ್ಮೆ ರೇಗಿದ. ನಾನು ಬಸ್ಸಿಗೆ ಹೊರಟರೆ, "ಆಮೇಲೆ ಏನಾಯ್ತಕ್ಕಾ? ಅದಷ್ಟು ಹೇಳ್ಬುಟ್ಟು ಹೋಗು," ಎಂದು ಬಾಗಿಲವರೆಗೆ ಬರುತ್ತಿದ್ದ. ನನ್ನ ಸಿಟ್ಟು ಕೂಗಾಡಿದರೆ ಹೋಗಿಬಿಡುವಂಥದು, ಅಷ್ಟು ಹೊತ್ತಿಗೆ ಮುಕ್ಕಾಲು ಕರಗಿತ್ತು. ಅಮ್ಮನದು ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ.

ಈ ನಡುವೆ ರಘುನಾಥ್ ಹೊಸ ಆವೃತ್ತಿಯ ಪುಟವನ್ನು ಮೂರ್ತಿಯ ಫೋನಿಗೆ ಕಳಿಸಿದರು. ನೀಲಿ ರಟ್ಟಿನ ಬಣ್ಣದ ಚಿತ್ರ, ಕೆಳಗೆ 'ಇದುವರೆಗೆ ಕಂಡ ಅತ್ಯುತ್ತಮ ಪ್ರತಿ. ಒಡೆಯರು: ಶ್ರೀ ಮೂರ್ತಿ, ಆಲಸನತ್ತಂ.' ಅವನು ಫೋನ್ ಮಾಡಿ ತನ್ನ ಹೆಸರು ತೆಗೆಯಿರಿ ಎಂದು ಕೇಳಿಕೊಂಡ. ಅಚ್ಚಿಗೆ ಹೋಗಿಯಾಯಿತು ಎಂದರು.

ಕಥೆ ಮುಗಿಯುವ ದಿನ ಮೂಟೆಯೂ ಮುಗಿಯುತ್ತಾ ಬಂದಿತ್ತು. ಕೊನೆಯಲ್ಲಿ ಗಂಗಮ್ಮ ಬಾವಿಯ ಹಗ್ಗವನ್ನು ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳುತ್ತಾಳೆ. ಹಗ್ಗವಿಲ್ಲದ ಬಾವಿಯನ್ನು ನೀವಿಬ್ಬರೂ ಇಟ್ಟುಕೊಳ್ಳಿ ಎಂದು ಎರಡೂ ಕಡೆಯ ಅಧಿಕಾರಿಗಳಿಗೆ ಹೇಳಿ, ತಿರುಗಿ ನೋಡದೆ ಹೊರಟುಹೋಗುತ್ತಾಳೆ. ನಾನು ಪುಸ್ತಕ ಮುಚ್ಚಿದೆ. ಮೂರ್ತಿ ಹುಣಸೆಯ ಅಂಟುಗೈಯಲ್ಲೇ ಕಣ್ಣೊರೆಸಿಕೊಂಡ, ಉರಿಯೆದ್ದು ಮತ್ತಷ್ಟು ನೀರು ಬಂತು.

ಕೈ ತೊಳೆದುಕೊಂಡು ದೇವರ ಗೂಡಿಗೆ ಹೋದ. ಕುಂಕುಮದ ಭರಣಿ ತಂದ, ಹರಳೆಣ್ಣೆ ತಂದ, ತಟ್ಟೆಯಲ್ಲಿ ತಾನೇ ಕಲಸಿದ. ಹೆಬ್ಬೆರಳನ್ನು ಅದರಲ್ಲಿ ಅದ್ದಿ ಅಮ್ಮನ ಎದುರು ಮಂಡಿಯೂರಿ ಕೂತ.

"ಒಂದಿನಾನೂ ತಪ್ಪುಸ್ಲಿಲ್ಲ ಅಮ್ಮಾ. ಪೂರ್ತಿ ಕೇಳಿವ್ನಿ."

"ಹೂಂ, ಕೇಳಿದ್ದೀಯ," ಎಂದಳು ಅಮ್ಮ. ನನ್ನ ಮಡಿಲಿನಿಂದ ಪುಸ್ತಕ ತೆಗೆದುಕೊಂಡು, 'ಮುಗಿಯಿತು' ಎಂಬ ಪುಟವನ್ನು ಮಗುಚಿ, ಬರೀ ರಟ್ಟು ಕಾಣುವಂತೆ ಅವನ ಮುಂದೆ ಹಿಡಿದಳು.

ಮೂರ್ತಿಯ ಕೆಂಪು ಹೆಬ್ಬೆರಳು ಗಾಳಿಯಲ್ಲೇ ನಿಂತಿತ್ತು.

"ಒತ್ತಪ್ಪ," ಎಂದಳು ಅಮ್ಮ. "ಎಲ್ಲೈತೆ ಹಾಳೆ?"