ಅರ್ಧ ಬೀಟಿನಷ್ಟು ತಡ

ಶವಪೆಟ್ಟಿಗೆ ನಾಲ್ಕನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ತಲೆಯ ಕಡೆ ಹಿಡಿದವರು ಆಗಲೇ ಎರಡು ಮೆಟ್ಟಿಲು ಕೆಳಗಿದ್ದರು, ಕಾಲಿನ ಕಡೆ ಹಿಡಿದವರು ಮೇಲೆಯೇ ಉಳಿದಿದ್ದರು. ಕಂಬಿಗೂ ಗೋಡೆಗೂ ನಡುವೆ ಮರದ ಮೂಲೆ ಕಚ್ಚಿಕೊಂಡು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿತು. ಎಡಮೂಲೆಯ ಭಾರವಷ್ಟೂ ಬಾಲಂಗೋಚಿ ಎಂದು ಜನ ಕರೆಯುತ್ತಿದ್ದವನ ಹೆಗಲಿಗೆ ಬಂತು. ಅರವತ್ತು ದಾಟಿದ ಹೆಗಲು, ಕೀಲು ಲಟಕ್ಕೆಂದಿತು. ಆದರೂ ಕೈ ಬದಲಿಸಲು ಅವನಿಗೆ ಮನಸ್ಸಾಗಲಿಲ್ಲ.

“ತಲೆ ಕಡೆಯೋರು ಸ್ವಲ್ಪ ಎತ್ಕೊಳ್ಳಿ. ಹಾಂ, ಈಗ ನನ್ನ ಕಡೆ ವಾಲಿಸಿ,” ಎಂದು ಕೆಳಗಿನಿಂದ ಹೇಳುತ್ತಿದ್ದವನು ಲಿಫ್ಟ್ ಕಂಪನಿಯ ಹಿರಿಯ ಮೇಸ್ತ್ರಿ. ಎಷ್ಟು ತೊಳೆದರೂ ಉಗುರಿನ ಸಂದಿನ ಕಪ್ಪು ಹೋಗದೆ ಅವನಿಗೆ ಗ್ರೀಸಪ್ಪ ಎಂಬ ಹೆಸರು ಬಿದ್ದಿತ್ತು. ಪೆಟ್ಟಿಗೆ ಸಡಿಲಗೊಂಡ ಮೇಲೆ ಅವನು ಹಣೆ ಒರೆಸಿಕೊಂಡ. “ಈ ಕಟ್ಟಡದ ಲಿಫ್ಟನ್ನ ಇವನೇ ನೋಡ್ಕೋತಿದ್ದ. ಒಂದು ದಿನ ಕೈಕೊಟ್ಟಿಲ್ಲ. ಇವತ್ತು ನೋಡಿ, ಒಂದು ಮೊಳ ಉದ್ದ ಜಾಸ್ತಿ ಆದ ಅಂತ ಅದು ಇವನನ್ನೇ ಒಳಗೆ ಬಿಟ್ಕೊಳ್ಳಿಲ್ಲ.”

ಯಾರೋ ನಕ್ಕರು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ಬಾಲಂಗೋಚಿಯನ್ನು ಯಾರೂ ಕರೆದಿರಲಿಲ್ಲ. ಹಿಂದಿನ ದಿನ ಅವನ ಕನ್ನಡಕದಂಗಡಿಗೆ ಬಂದ ಗಿರಾಕಿಯೊಬ್ಬರು ಹೊಸ ಕನ್ನಡಕ ಸರಿಯಾಗಿದೆಯೇ ಎಂದು ನೋಡಲು ಪತ್ರಿಕೆ ಬಿಡಿಸಿ, ಕಣ್ಣಿಗೆ ಬಿದ್ದ ಸುದ್ದಿಯನ್ನು ಗಟ್ಟಿಯಾಗಿ ಓದಿದ್ದರು: ಒಂದು ಕಾಲಕ್ಕೆ ಗುಡುಗು ಎಂದೇ ಹೆಸರಾಗಿದ್ದ ರ‍್ಯಾಪ್ ಹಾಡುಗಾರ, ಇಪ್ಪತ್ತೆರಡು ವರ್ಷಗಳ ನಂತರ ಮಾಡಿದ ಆಲ್ಬಮ್ ಹೊರಬರಲು ಐದು ದಿನವಿರುವಾಗ, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಅಕ್ಷರ ಚೆನ್ನಾಗಿ ಕಾಣುತ್ತಿದೆ ಎಂದು ಗಿರಾಕಿ ಸಂತೋಷಪಟ್ಟರು. ಬಾಲಂಗೋಚಿ ತಲೆಯಾಡಿಸಿ ಅವರನ್ನು ಕಳಿಸಿ ಅಂಗಡಿಯ ಬಾಗಿಲೆಳೆದ.

ಈ ಬೆಳಿಗ್ಗೆ ಬಂದು ಮೆಟ್ಟಿಲ ಬಳಿ ಸುಮ್ಮನೆ ನಿಂತಿದ್ದವನನ್ನು, ಹೊರುವವರಲ್ಲಿ ಒಬ್ಬ ಕಡಿಮೆ ಬಿದ್ದಾಗ, ಗುರುತಿಲ್ಲದ ಗ್ರೀಸಪ್ಪನೇ ಕೈಸನ್ನೆ ಮಾಡಿ ಕರೆದಿದ್ದ. ಗುಡುಗಿನ ಮಗಳು ನೋಡಿದಳು. ಗುರುತು ಹಿಡಿದಳು. ತಾಯಿಯ ತೋಳು ಹಿಡಿದು ಹಿಂದೆಯೇ ಇಳಿದು ಬರುತ್ತಿದ್ದ ಅವಳ ನೋಟ ಕೊನೆಯ ಮೆಟ್ಟಿಲವರೆಗೂ ಅವನ ಬೆನ್ನ ಮೇಲಿತ್ತು.

ವ್ಯಾನಿನಲ್ಲಿ ಗ್ರೀಸಪ್ಪ ತನ್ನ ಸಂಗಡಿಗನ ಗುಣಗಾನ ಮಾಡುತ್ತ ಬಂದ. ಬೆಳಗಿನ ಏಳಕ್ಕೆ ಬಂದರೆ ಸಂಜೆ ನಾಲ್ಕರವರೆಗೆ ಆತ ಆಡುತ್ತಿದ್ದುದು ಹತ್ತು ಮಾತು. ಅದರಲ್ಲಿ ಐದು ‘ಸ್ಪ್ಯಾನರ್ ಕೊಡು’. ಕಂಪನಿಯಲ್ಲಿ ಎಲ್ಲರೂ ಮೂಗಪ್ಪ ಎಂದೇ ಕರೆಯುತ್ತಿದ್ದರು. ಲಿಫ್ಟಿನ ಗುಂಡಿಗೆ ಇಳಿದನೆಂದರೆ ಒಳಗಿನಿಂದ ಟಣಟಣ ಕಬ್ಬಿಣ ಬಡಿಯುವ ಸದ್ದು ಬರುತ್ತಿತ್ತು, ಬೋಲ್ಟು ಸಡಿಲಾಗಿದೆಯೇ ಎಂದು ಪರೀಕ್ಷಿಸುತ್ತಿದ್ದಾನೆಂದು ಇವರೆಲ್ಲ ತಿಳಿದಿದ್ದರು.

“ಅದು ತಾಳ ಅಂತ ಯಾರಿಗೆ ಗೊತ್ತು? ಆಲ್ಬಮ್ ವಿಷಯ ಹೊರಗೆ ಬಿದ್ದ ದಿನ ನಾವೇ ಮೂಗರಾದ್ವಿ ನೋಡಿ,” ಎಂದ ಗ್ರೀಸಪ್ಪ. ಆಮೇಲೆ ಕೇಳಿದ, “ನೀವು ಅವನಿಗೆ ಏನಾಗ್ಬೇಕು?”

“ಒಟ್ಟಿಗೆ ಕೆಲಸ ಮಾಡ್ತಿದ್ವಿ.”

“ಲಿಫ್ಟಲ್ಲಾ?”

“ಅಲ್ಲ. ಅದಕ್ಕೂ ಮುಂಚೆ.”

ಚಿತಾಗಾರದ ಸಭಾಂಗಣದ ಬಾಗಿಲಿಗೆ ಮಗಳು ಆಲ್ಬಮ್ಮಿನ ಭಿತ್ತಿಪತ್ರ ಅಂಟಿಸಿದ್ದಳು. ನರೆತ ಗಡ್ಡ, ಕಂಪನಿಯ ನೀಲಿ ಅಂಗಿ, ಕಣ್ಣಿನಲ್ಲಿ ಅದೇ ಹಳೆಯ ತುಂಟತನ. ಕೆಳಗೆ ‘ಹತ್ತು ಹಾಡು’ ಎಂದೂ ಅದರ ಕೆಳಗೆ, ಮಿಕ್ಕೆಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ‘ಒಬ್ಬನೇ’ ಎಂದೂ ಅಚ್ಚಾಗಿತ್ತು.

ಬಾಲಂಗೋಚಿ ಆ ಮಾತಿನ ಮುಂದೆ ತುಸು ಹೊತ್ತು ನಿಂತ. ಹತ್ತು ಹಾಡಿನಲ್ಲಿ ಒಂದರಲ್ಲಾದರೂ ಗೆಳೆಯ ತನ್ನನ್ನು ಹೆಸರು ಹಿಡಿದು ಬೈದಿದ್ದರೆ ತಲೆ ತಗ್ಗಿಸಿ ಕೇಳಬಹುದಿತ್ತು. ತಾನು ಅದರಲ್ಲಿ ಇಲ್ಲವೇ ಇಲ್ಲ ಎಂದಾದರೆ? ಅದನ್ನು ತಿಳಿಯದೆ ಮನೆಗೆ ಮರಳುವಂತಿರಲಿಲ್ಲ. ತಿಳಿಯುವ ಧೈರ್ಯವೂ ಅವನಲ್ಲಿರಲಿಲ್ಲ. ಅವನು ಕೊನೆಯ ಸಾಲಿನಲ್ಲಿ ಗೋಡೆಗೆ ಒತ್ತಿ ಕುಳಿತ.

\*

ಗುಡುಗೂ, ಇನ್ನೂ ಬಾಲಂಗೋಚಿ ಎನಿಸಿರದ ಅವನ ಗೆಳೆಯನೂ ಹಾಡಲು ಶುರು ಮಾಡಿದ್ದು ಸೈಕಲ್ ಅಂಗಡಿಯೊಂದರ ಹಿಂಗೋಣೆಯಲ್ಲಿ. ಗುಡುಗಿನ ಸಾಲುಗಳು ಒಂದರ ಬಾಲಕ್ಕೆ ಇನ್ನೊಂದು ಕಚ್ಚಿಕೊಂಡು ಓಡುತ್ತಿದ್ದವು. ನಡುವೆ ಉಸಿರಿಗೆ ಎಡೆಯಿರಲಿಲ್ಲ. ಅದಕ್ಕಾಗಿ ಒಂದು ಏರ್ಪಾಡು ಮಾಡಿಕೊಂಡರು. ಪ್ರತಿ ಎರಡನೆಯ ಸಾಲಿನ ಕೊನೆಯ ಮಾತು, ಪ್ರಾಸ ಬೀಳುವ ಮಾತು, ಗೆಳೆಯನದು. ಅವನು ಅದನ್ನು ಹೇಳುವಷ್ಟರಲ್ಲಿ ಗುಡುಗು ಎದೆ ತುಂಬಿಕೊಂಡು ಮುಂದಿನ ಸಾಲಿಗೆ ಸಿದ್ಧನಾಗಿರುತ್ತಿದ್ದ.

ಆದರೆ ಗೆಳೆಯನಿಗೆ ಚಿಕ್ಕಂದಿನಿಂದ ತೊದಲು. ಮಾತು ಹೊರಡುವ ಮುನ್ನ ನಾಲಿಗೆ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಎಷ್ಟು ತಿಂಗಳು ತಿದ್ದಿಕೊಂಡರೂ ಸರಿಯಾಗಿ ಅರ್ಧ ಬೀಟಿನಷ್ಟು, ತಾಳದ ಅರ್ಧ ಪೆಟ್ಟಿನಷ್ಟು, ತಡ. ವಾದ್ಯ ನುಡಿಸುವವನು ಬೇಸತ್ತು ಬೇರೆ ಯಾರನ್ನಾದರೂ ಹುಡುಕು ಎಂದಾಗ ಗುಡುಗು, “ತಾಳ ಕಾಯುತ್ತೆ ಬಿಡೋ. ಅದಕ್ಕೇನು ಬಸ್ಸು ತಪ್ಪಿಹೋಗುತ್ತಾ?” ಎಂದಿದ್ದ. ಅಂದಿನಿಂದ ಅರ್ಧ ಬೀಟಿನ ಜಾಗ ಬಿಟ್ಟೇ ಹಾಡು ಕಟ್ಟಿದ. ಕ್ರಮೇಣ ಜನ ಆ ತಡಕ್ಕೇ ಮರುಳಾದರು. ಸಾವಿರ ಜನ ಒಮ್ಮೆಲೇ ಉಸಿರು ಹಿಡಿದು ಕಾಯುವರು. ಮಾತು ಬಿದ್ದೊಡನೆ ಮೈದಾನ ಎದ್ದು ನಿಲ್ಲುವುದು.

ಹೆಸರು ಕೊಟ್ಟದ್ದು ಒಂದು ಪತ್ರಿಕೆ. ಗುಡುಗನ್ನು ಮೂರು ಅಂಕಣ ಹೊಗಳಿ, ಕೊನೆಯಲ್ಲಿ ‘ಜೊತೆಗೊಬ್ಬ ಬಾಲಂಗೋಚಿಯೂ ಇದ್ದಾನೆ’ ಎಂದು ಬರೆದಿತ್ತು. ಅದು ಅಂಟಿಕೊಂಡಿತು. ಗುಡುಗು ಕೂಡ ನಕ್ಕ. ಬೇಜಾರು ಮಾಡ್ಕೋಬೇಡ ಕಣೋ, ಬಾಲಂಗೋಚಿ ಇಲ್ಲದಿದ್ದರೆ ಗಾಳಿಪಟ ಗೋತಾ ಹೊಡೆಯುತ್ತೆ ಎಂದು ಬೆನ್ನು ಚಪ್ಪರಿಸಿದ. ಚಪ್ಪರಿಸಿದ ಜಾಗ ಎಷ್ಟೋ ದಿನ ಉರಿಯಿತು.

ಆ ವರ್ಷದ ದೊಡ್ಡ ಕಾರ್ಯಕ್ರಮ ಒಂದು ಮಟಮಟ ಮಧ್ಯಾಹ್ನ. ವೇದಿಕೆಯ ಪಕ್ಕದಲ್ಲಿ ಗುಡುಗಿನ ಹೆಂಡತಿ, ಎಂಟು ವರ್ಷದ ಮಗಳನ್ನು ಮುಂದೆ ನಿಲ್ಲಿಸಿಕೊಂಡು ನಿಂತಿದ್ದಳು. ಬಾಲವಿಲ್ಲದೆ ಹಾರಲಿ, ನೋಡೋಣ ಎಂದುಕೊಂಡು ಬಾಲಂಗೋಚಿ ಬಾಯಿ ಮುಚ್ಚಿ ನಿಂತ. ಮೊದಲ ಜಾಗ ಬಂತು. ಅರ್ಧ ಬೀಟು ಕಳೆಯಿತು, ಒಂದಾಯಿತು, ಎರಡಾಯಿತು. ಗುಡುಗು ತಿರುಗಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತೊದಲು ಹೆಚ್ಚಾಗಿದೆಯೆಂದು ತಿಳಿದು, ಅವಸರವಿಲ್ಲ, ನಿಧಾನ ಎನ್ನುವಂತೆ ಅಂಗೈ ತುಸು ಎತ್ತಿದ. ಎರಡನೆಯ ಜಾಗ ಬಂದಾಗಲೂ ಹಾಗೆಯೇ ಎತ್ತಿದ. ಮೂರನೆಯದಕ್ಕೆ ಅವನಿಗೆ ಅರ್ಥವಾಯಿತು. ಸಾಲು ಕಡಿಯಿತು, ಕೆಮ್ಮು ಹತ್ತಿತು, ಮುಂದೆ ಕುಳಿತ ಜನರಲ್ಲಿ ಹುಟ್ಟಿದ ನಗೆ ಹಿಂದಿನವರೆಗೂ ಹಬ್ಬಿತು. ಗುಡುಗು ಮೈಕನ್ನು ಮೆಲ್ಲನೆ ನೆಲದ ಮೇಲಿಟ್ಟು ಇಳಿದುಹೋದ.

ಮರುವಾರವೇ ಲಿಫ್ಟ್ ಕಂಪನಿಗೆ ಸೇರಿದನೆಂದು ಅವರಿವರ ಬಾಯಲ್ಲಿ ಕೇಳಿಬಂತು. ಬಾಲಂಗೋಚಿ ಎರಡು ಸಲ ಆ ಮನೆಯವರೆಗೆ ಹೋಗಿ ಮೆಟ್ಟಿಲ ಬುಡದಿಂದಲೇ ಹಿಂತಿರುಗಿದ್ದ.

\*

ಸಭಾಂಗಣದಲ್ಲಿ ಅವನ ಪಕ್ಕದ ಮೇಜಿನ ಮೇಲೆ ಯಂತ್ರ ಜೋಡಿಸುತ್ತಿದ್ದಾಕೆ ಐವತ್ತು ದಾಟಿದ ಹೆಂಗಸು. ಕುತ್ತಿಗೆಗೆ ಹೆಡ್‌ಫೋನ್ ಜೋತಿತ್ತು. ಆಲ್ಬಮ್ಮಿನ ಧ್ವನಿಮುದ್ರಣ ಮಾಡಿದವಳು ತಾನೇ ಎಂದು ಪರಿಚಯ ಹೇಳಿಕೊಂಡಳು. ಇನ್ನು ಸ್ವಲ್ಪ ಹೊತ್ತಿಗೆ ಮೊದಲ ಹಾಡು ಹಾಕಬೇಕೆಂದು ಮನೆಯವರ ಇಚ್ಛೆ. ಅಲ್ಲಿದ್ದ ಹಳಬರಲ್ಲಿ ಒಬ್ಬನೆಂದು ಭಾವಿಸಿ ಅವಳು ಅವನೊಡನೆ ಮಾತಿಗೆ ತೊಡಗಿದಳು.

ಏಳು ತಿಂಗಳು, ರಜೆಯ ದಿನಗಳಲ್ಲಿ ಮಾತ್ರ ಬರುತ್ತಿದ್ದರಂತೆ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಸಾಲು ಮುಗಿಸಲು ಆಗುತ್ತಿರಲಿಲ್ಲ. ಕೊನೆಯ ಮಾತಿಗೆ ಬಂದೊಡನೆ ನಿಂತುಬಿಡುತ್ತಿದ್ದರು.

“ಕಾಯಿಲೆಯವರನ್ನ ಉಸಿರಿನ ವಿಷಯ ಹೇಗೆ ಕೇಳೋದು ಹೇಳಿ. ನಾನು ಕೇಳ್ಳಿಲ್ಲ, ಅವರೂ ಹೇಳ್ಳಿಲ್ಲ.”

ವಯಸ್ಸಾದ ಹಾಡುಗಾರರಿಗೆ ಅವಳ ಕಸುಬಿನಲ್ಲಿ ಮಾಡುವ ಉಪಾಯವೊಂದಿತ್ತು. ಬಿಟ್ಟುಹೋದ ಮಾತುಗಳ ಪಟ್ಟಿ ಮಾಡಿ, ಒಂದೊಂದಾಗಿ ಬೇರೆ ಹೇಳಿಸಿ, ಆಯಾ ಜಾಗಕ್ಕೆ ಅಂಟಿಸುವುದು. ಗುಡುಗು ಏಕೆಂದೂ ಕೇಳದೆ ಶಾಲೆಯ ಹುಡುಗನಂತೆ ಪಟ್ಟಿ ಓದಿಕೊಟ್ಟಿದ್ದರು. ಅಂಟಿಸಿದ್ದನ್ನು ಕೇಳಲು ಮಾತ್ರ ಉಳಿಯಲಿಲ್ಲ.

“ಒಂದೇ ತೊಂದ್ರೆ ಆಯ್ತು. ಬಿಟ್ಟ ಜಾಗ ಮಾತಿಗಿಂತ ದೊಡ್ಡದಾಗಿರೋದು. ಪ್ರತಿ ಸಲ ಅರ್ಧ ಬೀಟು ಜಾಸ್ತಿ. ಹತ್ತು ಹಾಡಲ್ಲೂ ಅಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ತಪ್ಪು ಮಾಡೋರು ಇಷ್ಟು ಒಂದೇ ಸಮ ಹೇಗೆ ತಪ್ತಾರೋ ಅಂತ ನನಗೇ ಆಶ್ಚರ್ಯ. ಎಲ್ಲಾ ಕತ್ತರಿಸಿ ಸರಿಮಾಡ್ದೆ.” ಕೆಲಸ ಬಲ್ಲವರ ಹೆಮ್ಮೆ ಅವಳ ದನಿಯಲ್ಲಿತ್ತು.

ಬಾಲಂಗೋಚಿ ಬಾಯಿ ತೆರೆದ. ನಾಲಿಗೆ ನಿಂತಲ್ಲೇ ನಿಂತಿತು. ಆಮೇಲೆ ಕೇಳಿದ, “ಮೊದಲು ಹೇಗಿತ್ತೋ ಹಾಗೇ ಇರೋದು... ಇದೆಯಾ?”

ಕೇಳಿಸಿಕೊಳ್ಳುವುದೇ ಅವಳ ಜೀವಮಾನದ ಕೆಲಸ. ಮಾತಿಗೆ ಮುಂಚಿನ ಆ ತಡೆಯನ್ನು ಅವಳು ಅಳೆದಿದ್ದಳು. ಅವನ ಮುಖವನ್ನೇ ನೋಡಿದಳು.

“ಅದು ನಿಮಗೆ ಬಿಟ್ಟ ಜಾಗ,” ಎಂದಳು ಮೆಲ್ಲನೆ.

ಯಂತ್ರದಲ್ಲಿದ್ದ ಹಳೆಯ ಕಡತ ತೆರೆದು, ಹೆಡ್‌ಫೋನನ್ನು ಅವನ ಕಿವಿಗಿಟ್ಟಳು. ಬರಿಯ ತಾಳ, ಒರಟಾದ ದನಿ. ‘ಬಾಗ್ಲು ತೆಗೆದ್ರೆ ಗೋಡೆ, ಎರಡು ಮಹಡಿ ನಡುವಿನ ಡಬ್ಬಿ ಆದೆ. ಮೇಲಿನಿಂದ ಯಾರೋ ಕೂಗ್ತಾರೆ ಅಂತ ಬಾಯಿಮುಚ್ಚಿ...’ ಅಲ್ಲಿಗೆ ದನಿ ನಿಂತಿತು. ಬಾಲಂಗೋಚಿ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲಿಟ್ಟ. ಅಲ್ಲಿ ಬರಬೇಕಾದ ಮಾತನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನ ಸಾಲಿನಲ್ಲಿ ಮಗಳು ನೆಟ್ಟಗೆ ಕುಳಿತಿದ್ದಳು. ಅಪ್ಪ ಯಾರ ಹಂಗೂ ಇಲ್ಲದೆ ಗೆದ್ದ ಎಂಬುದೊಂದೇ ಅವಳಿಗೆ ಈ ದಿನ ಉಳಿದಿದ್ದ ಆಸರೆ. ಬಾಗಿಲಿನ ಆ ದಪ್ಪ ಅಕ್ಷರ ಅವಳು ಬರೆಸಿದ್ದು. ಅದನ್ನು ಕಿತ್ತುಕೊಳ್ಳಲು ತಾನು ಯಾರು? ಸುಮ್ಮನಿದ್ದರೆ ಯಾರಿಗೂ ನೋವಿಲ್ಲ. ಸುಮ್ಮನಿರುವುದು ಎಷ್ಟು ಸುಲಭವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ನೆನಪಾದದ್ದೇ ಎದ್ದು ಮುಂದಿನ ಸಾಲಿಗೆ ನಡೆದ.

“ಬಂದ್ಯೇನಪ್ಪಾ,” ಎಂದಳು ಗುಡುಗಿನ ಹೆಂಡತಿ, ನಿನ್ನೆ ಮೊನ್ನೆ ಕಂಡವನನ್ನು ಮಾತಾಡಿಸುವಂತೆ.

“ಬಂದೆ ಅತ್ತಿಗೆ.” ಅವನು ಮಗಳ ಕಡೆ ತಿರುಗಿದ. “ಹಾಡು ಹಾಕೋಕೆ ಮುಂಚೆ ಅದರ ಮೊದಲಿನ ರೂಪ ಒಂದು ಸಲ ಕೇಳಮ್ಮ. ಅಪ್ಪ ಹಾಡಿದ್ದು ಹಾಗೆ. ಕೇಳಿದ ಮೇಲೆ ನಿನ್ನಿಷ್ಟ.”

“ಇವತ್ತೂ ನಿಮ್ಮ ವಿಷಯಾನೇ ಆಗ್ಬೇಕಾ?” ಅವಳು ದನಿ ಏರಿಸಲಿಲ್ಲ. “ಇಪ್ಪತ್ತೆರಡು ವರ್ಷ ಅಪ್ಪ ನಿಮ್ಮ ಹೆಸರೆತ್ತಿಲ್ಲ. ಬೈಯೋದಕ್ಕೂ ಎತ್ತಿಲ್ಲ.”

ಅಷ್ಟರಲ್ಲಿ ಧ್ವನಿಮುದ್ರಣದವಳು ಯಂತ್ರವನ್ನು ಎದೆಗವುಚಿಕೊಂಡು ಬಂದು, ತಪ್ಪು ತನ್ನದೆಂದು ಮೊದಲು ಹೇಳಿ, ನಡೆದುದನ್ನು ಅರ್ಧ ಬೀಟಿನ ಲೆಕ್ಕದ ಸಮೇತ ಬಿಡಿಸಿ ಹೇಳಿದಳು. ಮಗಳು ಕೈ ಚಾಚಲಿಲ್ಲ. ತಾಯಿಯೇ ಹೆಡ್‌ಫೋನ್ ತೆಗೆದುಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ಆ ದಿನದ ಮೊದಲ ನಗೆ ಮೂಡಿತು, ಅದರ ಬೆನ್ನಿಗೇ ಕಣ್ಣೀರೂ.

“ಮನೇಲೂ ಹೀಗೇ. ಪಾತ್ರೆ ಒರೆಸ್ತಾ ಹೇಳ್ಕೊಳ್ಳೋರು, ಕೊನೇ ಮಾತಿಗೆ ನಿಲ್ಲಿಸೋರು. ಪಾಪ, ಮರೆತ್ರು ಅಂತ ಆ ಮಾತನ್ನ ನಾನು ಹೇಳಿದ್ರೆ, ‘ನೀನಲ್ಲ ಕಣೆ, ಅದು ನಿಂದಲ್ಲ’ ಅನ್ನೋರು. ಯಾರದ್ದು ಅಂತ ನಾನೂ ಕೇಳ್ಳಿಲ್ಲ.” ಅವಳು ಹೆಡ್‌ಫೋನನ್ನು ಮಗಳ ತೊಡೆಯ ಮೇಲಿಟ್ಟಳು. “ಕೇಳು ಪುಟ್ಟಿ.”

ಮಗಳು ಕೇಳಿದಳು. ಒಮ್ಮೆ ಮುಗಿದಾಗ ಬೆರಳೆತ್ತಿ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಎರಡನೆಯ ಸಲ ಅವಳ ಬೆರಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕುತ್ತಿತ್ತು. ಖಾಲಿ ಜಾಗ ಬಂದಾಗಲೆಲ್ಲ ಬೆರಳು ಗಾಳಿಯಲ್ಲಿ ನಿಂತು, ತಡೆದು, ಇಳಿಯುತ್ತಿತ್ತು. ಇನ್ನು ಹತ್ತು ನಿಮಿಷ ಎಂದು ಚಿತಾಗಾರದ ಸಿಬ್ಬಂದಿ ಬಂದು ಹೇಳಿಹೋದ.

“ಶುಕ್ರವಾರ ಯಾವುದನ್ನ ಬಿಡುಗಡೆ ಮಾಡೋದು ಅಂತ ಆಮೇಲೆ ನೋಡೋಣ,” ಎಂದು ಅವಳು ಧ್ವನಿಮುದ್ರಣದವಳಿಗೆ ಹೇಳಿದಳು. “ಈಗ ಇದನ್ನೇ ಹಾಕಿ.” ಬಾಲಂಗೋಚಿಯ ಮುಖ ನೋಡದೆಯೇ ಪೆಟ್ಟಿಗೆಯ ಪಕ್ಕದ ಜಾಗ ತೋರಿಸಿದಳು. “ನೀವು ಅಲ್ಲಿ ನಿಂತ್ಕೊಳ್ಳಿ ಚಿಕ್ಕಪ್ಪ. ಹಿಂದೆ ಕೂತಿರೋರಿಗೂ ಕೇಳಿಸ್ಬೇಕು.”

ಅವನು ಹೋಗಿ ನಿಂತ. ಹಾಡು ಹೊರಟಿತು. ಗ್ರೀಸಪ್ಪ ತನ್ನ ಕಪ್ಪು ಉಗುರಿನ ಕೈಗಳನ್ನು ಮೊಣಕಾಲ ಮೇಲೆ ಊರಿ ಮುಂದಕ್ಕೆ ಬಾಗಿದ. ಕಂಪನಿಯವರು ತಮ್ಮ ಮೂಗಪ್ಪನ ದನಿ ಕೇಳಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬಾಗಿಲು, ಗೋಡೆ, ಎರಡು ಮಹಡಿ, ಡಬ್ಬಿ. ಸಾಲು ಏರಿ ಬಂದು ತುದಿಯಲ್ಲಿ ನಿಂತಿತು. ಬಾಲಂಗೋಚಿಯ ನಾಲಿಗೆ ಎಂದಿನಂತೆ ಹೊಸ್ತಿಲಲ್ಲಿ ತಡೆಯಿತು. ಅರ್ಧ ಬೀಟು ಕಳೆಯಿತು.

“ಕಾದೆ,” ಎಂದ.

ಆ ಮಾತಿನ ಅಡಿಯಿಂದ, ಪೆಟ್ಟಿಗೆಗೆ ಒತ್ತಿ ಇಟ್ಟಿದ್ದ ಧ್ವನಿವರ್ಧಕದೊಳಗೆ, ಗುಡುಗು ಎದೆ ತುಂಬ ಗಾಳಿ ಎಳೆದುಕೊಂಡದ್ದು ಕೊನೆಯ ಸಾಲಿನವರೆಗೂ ಕೇಳಿಸಿತು.