ಆ ಕಡೆಯ ಭಾವ

ನಮ್ಮ ಭಾವನವರು ನಡೆಯುವಾಗ ಎಡಕ್ಕೆ ವಾಲುತ್ತಾರೆ. ವಾಲುವುದೆಂದರೆ ಗಾಳಿಗೆ ಬಳುಕುವ ಲತೆಯ ಲಾಲಿತ್ಯವೇನೂ ಅದರಲ್ಲಿಲ್ಲ. ಒಂದೇ ಬದಿಗೆ ಸಾಮಾನು ಹೇರಿಕೊಂಡು ದಡಕ್ಕೆ ಬರುವ ದೋಣಿಯ ಗಾಂಭೀರ್ಯ ಅದು. ತಕ್ಕಡಿ ತಯಾರಿಸುವ ಕಾರ್ಖಾನೆಯೊಂದರಲ್ಲಿ, ಸಿದ್ಧವಾಗಿ ಬಂದ ತಕ್ಕಡಿ ನಿಜ ಹೇಳುತ್ತದೆಯೋ ಸುಳ್ಳು ಹೇಳುತ್ತದೆಯೋ ಎಂದು ಪರೀಕ್ಷಿಸುವುದು ಅವರ ಉದ್ಯೋಗ. ಅದಕ್ಕೆ ಬೇಕಾದ ಹಿತ್ತಾಳೆಯ ತೂಕದ ಬಟ್ಟುಗಳನ್ನು ಕಾರ್ಖಾನೆಯ ಬೀರುವಿನಲ್ಲಿಟ್ಟರೆ ಯಾರಾದರೂ ಮುಟ್ಟಿ, ಬೆವರು ಹತ್ತಿ, ತೂಕ ಕೆಟ್ಟೀತೆಂಬ ಭಯದಿಂದ ತಮ್ಮ ಕಂದು ಕೋಟಿನ ಎಡಜೇಬಿನಲ್ಲಿಟ್ಟುಕೊಂಡೇ ಮನೆಗೂ ಬರುತ್ತಾರೆ. ಹೀಗಾಗಿ ಆ ಜೇಬು ವರ್ಷವರ್ಷಕ್ಕೂ ಮೊಣಕಾಲಿನತ್ತ ಇಳಿಯುತ್ತ, ಅದರ ಹಿಂದೆಯೇ ಭಾವನವರ ಹೆಗಲೂ ಇಳಿಯುತ್ತ ಬಂದಿದೆ. ಬಲಜೇಬಿನಲ್ಲೂ ಏನಾದರೂ ಇಟ್ಟು ಸರಿದೂಗಿಸಬಾರದೇ ಎಂದು ಅಕ್ಕನ ಮದುವೆಯ ಹೊಸತರಲ್ಲಿ ನಾನು ಕೇಳಿದ್ದೆ.

"ಏನಿಡೋಣ ಅಂತ ಯೋಚ್ನೆ ಮಾಡ್ತಿದೀನಿ. ಮುಳ್ಳು ನಿಲ್ಲಲಿ," ಎಂದಿದ್ದರು.

ಅಕ್ಕನ ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಮುಳ್ಳು ಇನ್ನೂ ನಿಂತಿಲ್ಲ.

ತಕ್ಕಡಿಯ ಮುಳ್ಳು ಅಲುಗುತ್ತಿರುವಾಗ ತೂಕ ಓದಬಾರದೆಂಬುದು ಅವರ ಕಸುಬಿನ ಮೊದಲ ಪಾಠ. ಅದನ್ನು ಅವರು ಕಸುಬಿಗಷ್ಟೇ ಸೀಮಿತವಾಗಿಡದೆ ಸಮಸ್ತ ಜೀವನಕ್ಕೂ ವಿಸ್ತರಿಸಿಬಿಟ್ಟಿದ್ದಾರೆ. ಕಾಫಿಯೋ ಚಹಾವೋ ಎಂದು ಕೇಳಿದರೂ ಮುಳ್ಳು ನಿಲ್ಲಬೇಕು. ಅಕ್ಕ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟು ಕೈಗೆ ಸಿಕ್ಕ ಪುಡಿ ಹಾಕುತ್ತಾಳೆ. ಆದರೆ ಒಂದು ವಿಷಯದಲ್ಲಿ ಮಾತ್ರ ಅವರ ಮುಳ್ಳು ಅಲುಗುವುದೇ ಇಲ್ಲ: ಎಲ್ಲಿ ಜನ ಕಡಿಮೆಯೋ ಅವರು ಅಲ್ಲಿಗೆ. ಬಸ್ಸಿನಲ್ಲಿ ಎಲ್ಲರೂ ಬಲಕ್ಕೆ ಕೂತಿದ್ದರೆ ಇವರು ಎಡಕ್ಕೆ, ಬಿಸಿಲು ಮುಖಕ್ಕೆ ಹೊಡೆದರೂ ಸರಿಯೇ. ನನಗೂ ಅಕ್ಕನಿಗೂ ಜಗಳವಾದಾಗ ಮನೆಯವರೆಲ್ಲ ಅಕ್ಕನ ಪರವಾದರೆ ಅವರು ನನ್ನ ಪಕ್ಕ ಬಂದು ಕೂರುತ್ತಾರೆ. ಅಮ್ಮ ಕರಗಿ ನನ್ನ ಪರ ಒಂದು ಮಾತಾಡಿದಳೋ, ತಕ್ಷಣ ಎದ್ದು ಆ ಕಡೆಗೆ ಹೋಗಿಬಿಡುತ್ತಾರೆ. ಇಂಥವರನ್ನು ನಂಬಿ ಜಗಳ ತೆಗೆಯುವುದು ಕಷ್ಟ.

ಭಾವನವರ ಈ ಸ್ವಭಾವ ಪೂರ್ಣರೂಪದಲ್ಲಿ ಪ್ರಕಟವಾದದ್ದು ಅಕ್ಕನ ಮಗಳು ಅವರಿಗೆ ಕಂಪ್ಯೂಟರಿನ ಆಟವೊಂದನ್ನು ಕಲಿಸಿಕೊಟ್ಟ ಮೇಲೆ. ಎಲ್ಲೆಲ್ಲಿಯೋ ಕೂತ ಸಾವಿರಾರು ಜನ ಒಂದೇ ಕಾಲ್ಪನಿಕ ರಾಜ್ಯದೊಳಗೆ ಹೊಕ್ಕು, ಮಾಂತ್ರಿಕರೂ ಬಿಲ್ಲುಗಾರರೂ ಆಗಿ ಪರಸ್ಪರ ಬಡಿದಾಡುವ ಆಟ ಅದು. ಹೊಸ್ತಿಲಲ್ಲೇ ಮೂರು ಪಕ್ಷಗಳಲ್ಲೊಂದನ್ನು ಆರಿಸಿಕೊಳ್ಳಬೇಕು. ಸ್ವರ್ಣಧ್ವಜದವರು ಸದಾ ಗೆಲ್ಲುವವರು. ವನಕುಲದವರು ಸುಂದರರು, ಅವರ ಕೇಶರಾಶಿ ಯುದ್ಧದ ನಡುವೆಯೂ ಕೆದರುವುದಿಲ್ಲ. ಮೂರನೆಯವರು ಬೂದಿಕೋಟೆಯವರು: ಬೂದುಬಣ್ಣದ ನಿಲುವಂಗಿ, ಎಲುಬು ಕಾಣುವ ಕುದುರೆ, ಒಂದು ಶೀಶೆ ಔಷಧಿ ಬೇಕಾದರೂ ಎರಡು ಬೆಟ್ಟ ದಾಟಿ ಪೇಟೆಗೆ ಹೋಗಬೇಕಾದ ದುರ್ಗತಿ.

ಯಾರು ಯಾವ ಪಕ್ಷವನ್ನು ಏಕೆ ಸೇರುತ್ತಾರೆಂಬುದನ್ನು ನಾನು ಕುತೂಹಲದಿಂದ ಗಮನಿಸಿದ್ದೇನೆ. ಕೇಳಿದರೆ ಎಲ್ಲರೂ ಧರ್ಮ, ಧ್ಯೇಯ, ಆ ಕುಲದ ಪೂರ್ವೇತಿಹಾಸ ಎಂದೆಲ್ಲ ಹೇಳುತ್ತಾರೆ. ಅಕ್ಕನ ಮಗಳು ಸ್ವರ್ಣಧ್ವಜ ಸೇರಿದ್ದು ಅವಳ ತರಗತಿಯವರೆಲ್ಲ ಅಲ್ಲಿದ್ದರೆಂದು. ಅವರ ಪಕ್ಕದ ಮನೆಯ ದಂತವೈದ್ಯರೂ ಅಲ್ಲಿಯೇ ಇದ್ದಾರೆ. ದಿನವಿಡೀ ಜನರ ನರಳಾಟ ಕೇಳಿದ ಕಿವಿಗೆ ಸಂಜೆಯಾದರೂ ಒಂದು ಜಯಘೋಷ ಬೀಳಬೇಡವೇ? ಇನ್ನು ನಾನು ವನಕುಲಕ್ಕೆ ಸೇರಿದ್ದು ಅಪ್ಪಟ ಸೌಂದರ್ಯೋಪಾಸನೆಯಿಂದ: ನನ್ನ ತಲೆಯ ಮೇಲೆ ಈಗ ಉಳಿದಿರುವುದು ನೆನಪು ಮಾತ್ರವಾದ್ದರಿಂದ, ಭುಜದವರೆಗೆ ಇಳಿಯುವ ಕೂದಲು ಪುಕ್ಕಟೆಯಾಗಿ ಸಿಗುವಾಗ ಬಿಡಲಾಗಲಿಲ್ಲ. ಭಾವನವರಾದರೋ ಪರದೆಯ ಮೇಲೆ ಪಕ್ಷಗಳ ಹೆಸರಿನ ಪಕ್ಕದಲ್ಲಿದ್ದ ಜನಸಂಖ್ಯೆಯ ಮೂರು ಕಂಬಗಳನ್ನು ನೋಡಿ, ಯಾವುದು ಗಿಡ್ಡವೋ ಅದರ ಮೇಲೆ ಬೆರಳಿಟ್ಟರು. ಆ ಬೂದಿಕೋಟೆಯಲ್ಲಿ ಅವರು ಯಾರನ್ನೂ ಕೊಂದ ದಾಖಲೆಯಿಲ್ಲ. ಕತ್ತಿ ಎತ್ತಿ, ಬೀಸಲೋ ಬೇಡವೋ ಎಂದು ನಿಲ್ಲುವಷ್ಟರಲ್ಲಿ ಶತ್ರುವೇ ಬೇಸತ್ತು ಹೋಗುತ್ತಿದ್ದ. ಆದರೆ ಬಾಗಿಲು ಕಾಯಲು ಅವರಂಥವರಿಲ್ಲ. ಅಲ್ಲಿಯವರು ಅವರನ್ನು ತಕ್ಕಡಿ ತಾತ ಎಂದು ಕರೆಯುತ್ತಿದ್ದರು.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತು, ಕಾರ್ಖಾನೆ ಎರಡಾಗದಿದ್ದರೆ. ಮುಳ್ಳಿನ ತಕ್ಕಡಿಗಳನ್ನು ಮಾಡುವ ಹಳೆಯ ವಿಭಾಗ ಇದ್ದಲ್ಲೇ ಇರುವುದೆಂದೂ, ವಿದ್ಯುತ್ತಿನ ತಕ್ಕಡಿಗಳಿಗೆ ಅಂಗಳದ ಆಚೆ ಹೊಸ ವಿಭಾಗ ತೆರೆಯುವುದೆಂದೂ, ಸೋಮವಾರ ಪ್ರತಿಯೊಬ್ಬರೂ ಯಾವ ಕಡೆ ಎಂದು ಬಾಯಲ್ಲೇ ಹೇಳಬೇಕೆಂದೂ ಪ್ರಕಟಣೆಯಾಯಿತು. ಹಳೆಯದು ಎಷ್ಟು ದಿನ ನಡೆಯುತ್ತದೆ ಎಂಬ ಪ್ರಶ್ನೆಗೆ ಮೇಲಿನವರು ನಡೆಯುವಷ್ಟು ದಿನ ಎಂದರಂತೆ. ಇಂಥ ಉತ್ತರದ ಅರ್ಥ ದುಡಿದು ತಿನ್ನುವವರಿಗೆಲ್ಲ ಗೊತ್ತು. ಭಾವನವರ ವಯಸ್ಸಿನಲ್ಲಿ ಕೆಲಸ ಹೋದವರನ್ನು ಕರೆದು ಕೂರಿಸುವವರು ಯಾರು? ಅಕ್ಕನಿಗೆ ಅನ್ನ ಇಳಿಯದಾಯಿತು. ಬುದ್ಧಿಯಿದ್ದವರೆಲ್ಲ ಹೊಸದಕ್ಕೆ ನುಗ್ಗುತ್ತಾರೆ, ಹಳೆಯದು ಖಾಲಿಯಾಗುತ್ತದೆ, ಖಾಲಿ ಕಂಡ ಕೂಡಲೇ ತನ್ನ ಗಂಡ ಅಲ್ಲಿ ಹೋಗಿ ನಿಲ್ಲುತ್ತಾನೆ ಎಂಬ ಅವಳ ಲೆಕ್ಕ ಸ್ಪಷ್ಟವಾಗಿತ್ತು.

"ನೀನೂ ಆ ಬೂದಿಕೋಟೆಗೆ ಸೇರ್ಕೊಳ್ಳೋ. ಇವರ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಂಡು ಬಾ. ನನ್ನ ಹತ್ರ ಬಾಯಿ ಬಿಡಲ್ಲ," ಎಂದಳು.

"ನನಗೆ ಅಷ್ಟು ಬುದ್ಧಿ ಎಲ್ಲಿದೆ ಅಕ್ಕ?"

"ಬುದ್ಧಿ ಇದೆ ಅಂತ ಹೇಳ್ತಿಲ್ಲ ಕಣೋ. ಸುಮ್ನೆ ಕೂತಿದೀಯ ಅಂತ ಹೇಳ್ತಿದೀನಿ."

ಹೀಗೆ ನಾನು ಕೇಶರಾಶಿಯನ್ನು ತ್ಯಾಗಮಾಡಿ, ಹೊಸ ಹೆಸರಿನಲ್ಲಿ, ಬೂದು ನಿಲುವಂಗಿ ತೊಟ್ಟು ಗೂಢಚಾರನಾದೆ. ಭಾವನವರು ನನ್ನನ್ನು ಗುರುತಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಪಕ್ಕ ನನ್ನ ಬಡಕಲು ಕುದುರೆಯನ್ನು ನಿಲ್ಲಿಸಿ, ತಾತಾ, ಬೇರೆ ಎರಡು ಪಕ್ಷಗಳಿರುವಾಗ ಇದೇ ಏಕೆ ಎಂದು ಬರೆದು ಕೇಳಿದೆ. ಮುಳ್ಳು ನಿಲ್ಲುತ್ತಿದೆ ಎಂದು ನನಗೆ ಗೊತ್ತಿತ್ತು. ಆಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು.

"ತುಂಬಿದ ಕಡೆ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಇಲ್ಲಿ ನಾನು ನೀರು ಕುಡಿಯೋಕೆ ಎದ್ದು ಹೋದ್ರೆ ಬಾಗಿಲು ಬಿದ್ದುಹೋಗುತ್ತೆ."

ಇದನ್ನು ಯಥಾವತ್ತಾಗಿ ಒಪ್ಪಿಸಿದಾಗ ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಮುಗಿಯಿತು ಎಂದಳು, ಅಷ್ಟೇ. ನನ್ನ ಗೂಢಚರ್ಯೆಯಿಂದ ಅವಳ ಹೆದರಿಕೆಗೆ ಆಧಾರ ಸಿಕ್ಕಿತೇ ಹೊರತು ಬೇರೇನೂ ಉಪಕಾರವಾಗಲಿಲ್ಲ.

ಭಾನುವಾರ ಮಧ್ಯಾಹ್ನ ಸ್ವರ್ಣಧ್ವಜದವರು ಬೂದಿಕೋಟೆಗೆ ಮುತ್ತಿಗೆ ಹಾಕಿದರು. ಆ ಕೋಟೆಗೆ ಒಂದರೊಳಗೊಂದು ಬಾಗಿಲುಗಳಿವೆ. ಅದಲ್ಲದೆ ಎಡಕ್ಕೂ ಬಲಕ್ಕೂ ಒಂದೊಂದು. ಬೇರೆ ಯಾರೂ ಮುಂದಾಳಾಗಲು ಒಪ್ಪದೆ ತಕ್ಕಡಿ ತಾತನೇ ಸೇನಾಪತಿಯಾಗಬೇಕಾಗಿ ಬಂತು. ಶತ್ರುಗಳು ಬಲಬಾಗಿಲಿನತ್ತ ತಿರುಗಿದ್ದನ್ನು ಕಂಡು, ಅವರು ಜೀವಮಾನದಲ್ಲೇ ಮೊದಲ ಬಾರಿಗೆ ಮುಳ್ಳನ್ನು ಕಾಯದೆ ಒಂದು ಆಜ್ಞೆ ಹೊರಡಿಸಿದರು: "ಎಲ್ರೂ ಆ ಕಡೆ ಬಾಗಿಲಿಗೆ ಬನ್ನಿ."

ಎಡಕ್ಕಿದ್ದವರು ಸರಿಯಾಗಿಯೇ ಬಲಕ್ಕೆ ಓಡಿದರು. ಬಲಕ್ಕಿದ್ದವರಿಗೆ ಆ ಕಡೆ ಎಂದರೆ ಎಡಗಡೆಯಾದ್ದರಿಂದ ಅವರು ಎಡಕ್ಕೆ ಓಡಿದರು. ದಾರಿಯಲ್ಲಿ ಎದುರಾದ ಎರಡೂ ತಂಡಗಳು ತಾವೇ ತಪ್ಪಿರಬೇಕೆಂಬ ವಿನಯದಿಂದ ಮತ್ತೆ ಹಿಂತಿರುಗಿದವು. ನಾನೂ ಇನ್ನು ಕೆಲವು ವಿದ್ವಾಂಸರೂ ಅದನ್ನು 'ಆ ಕಡೇ ಬಾಗಿಲು' ಎಂದು ಓದಿಕೊಂಡು, ಎಲ್ಲಕ್ಕಿಂತ ಒಳಗಿನ, ಕಟ್ಟಕಡೆಯ ಬಾಗಿಲಿಗೆ ಹೋಗಿ ನಿಂತೆವು. ಶತ್ರುವಿನಿಂದ ಅತ್ಯಂತ ದೂರದ ಜಾಗ ಅದೇ ಎಂಬುದು ನನ್ನ ವ್ಯಾಕರಣಕ್ಕೆ ಪ್ರೇರಣೆಯಾಗಿರಲಿಲ್ಲ ಎಂದು ಹೇಳಲಾರೆ. ಬಲಬಾಗಿಲಿನಲ್ಲಿ ಕೊನೆಗೆ ಉಳಿದದ್ದು ಭಾವನವರೊಬ್ಬರೇ. ಎದುರಿಗೆ ಬಂದವಳು ಅವರ ಮಗಳು. ಪಕ್ಕದ ಕೋಣೆಯಿಂದ ಅವಳು, ಅಪ್ಪ, ದಾರಿ ಬಿಡು ಎಂದಳಂತೆ. ಇವರು ಹಜಾರದಿಂದ, ಮುಳ್ಳು ನಿಲ್ಲಲಿ ಮಗಳೇ ಎಂದರಂತೆ. ಅವಳ ಕತ್ತಿ ಮೇಲೆಯೇ ಉಳಿಯಿತು. ಅಷ್ಟರಲ್ಲಿ ಹಿಂದಿನಿಂದ ಬಂದ ದಂತವೈದ್ಯರು ಅವರನ್ನು ಬುಡಸಮೇತ ಕಿತ್ತರು.

ಸೋಮವಾರ ಬೆಳಗ್ಗೆ ಭಾವನವರು ಎಂದಿನಂತೆ ಎಡಕ್ಕೆ ವಾಲಿಕೊಂಡು ಕಾರ್ಖಾನೆಗೆ ಹೋದರು. ಮಧ್ಯಾಹ್ನ ಅಕ್ಕನ ಫೋನಿಗೆ ಒಂದೇ ಮಾತು ಬಂತು: "ಕಡೆಗೆ ಆ ಕಡೆಗೇ ಹೋದೆ ಕಣೆ." ಇನ್ನೇನಾದರೂ ಕೇಳುವಷ್ಟರಲ್ಲಿ ಇಟ್ಟೇಬಿಟ್ಟರು, ಮತ್ತೆ ಮಾಡಿದರೆ ಎತ್ತಲಿಲ್ಲ.

ಅಕ್ಕ ನನ್ನನ್ನು ಕರೆಸಿದಳು. ಯಾವ ಆ ಕಡೆ? ಹಳೆಯ ವಿಭಾಗದಲ್ಲಿ ನಿಂತು ಹೇಳಿದ್ದರೆ ಹೊಸದು. ಹೊಸದರಲ್ಲಿ ನಿಂತಿದ್ದರೆ ಹಳೆಯದು. ಫೋನಿನಲ್ಲಿ ಹಿಂದೆ ಏನು ಸದ್ದು ಕೇಳಿಸಿತು ಎಂದು ಕೇಳಿದೆ. ಯಾರೂ ಮಾತಾಡುತ್ತಿರಲಿಲ್ಲ, ಅದೇ ನನಗೆ ಭಯ ಎಂದಳು. ಖಾಲಿ ಕೋಣೆಯ ನಿಶ್ಶಬ್ದ ಅದು. ಬೂದಿಕೋಟೆಯ ಸಮರದಲ್ಲಿ ಇದೇ ಪದಕ್ಕೆ ಸಿಕ್ಕಿ ದಾರಿ ತಪ್ಪಿದ್ದ ನಾನು ಯಾವ ಧೈರ್ಯವನ್ನೂ ಹೇಳಲಾರದೆ ಕೂತೆ. ಅವಳು ಒಗೆದ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಕೆಲಸ ಹೋದವರ ಮನೆಗಳ ಹೆಸರೆತ್ತಿ, ಅವರು ಈಗ ಎಲ್ಲಿದ್ದಾರೋ ಎಂದಳು.

ಸಂಜೆ ಕಿಟಕಿಯಿಂದ ನೋಡುತ್ತಿದ್ದಾಗ ಬೀದಿಯ ತಿರುವಿನಲ್ಲಿ ಯಾರೋ ಒಬ್ಬರು ನೆಟ್ಟಗೆ ನಡೆದು ಬರುತ್ತಿದ್ದರು. ಯಾರೋ ಬೇರೆಯವರೆಂದು ನಾನು ಕಣ್ಣು ತೆಗೆದೆ. ಅಕ್ಕ ತೆಗೆಯಲಿಲ್ಲ.

"ಜೇಬು ನೋಡೋ," ಎಂದಳು.

ಎಡಜೇಬು ಹಳೆಯ ಚೀಲದಂತೆ ಖಾಲಿಯಾಗಿ ಜೋತಾಡುತ್ತಿತ್ತು. ಭಾರ ಇಲ್ಲದ ದೇಹವನ್ನು ಎಲ್ಲಿಡಬೇಕೆಂದು ತಿಳಿಯದೆ ಭಾವನವರು ಸ್ವಲ್ಪ ಬಲಕ್ಕೇ ಹೋಗುತ್ತ, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಬಟ್ಟುಗಳು ಹಳೆಯ ವಿಭಾಗದ ಸೊತ್ತು. ಅಲ್ಲಿಯ ಮೇಸ್ತ್ರಿಗೆ ಒಪ್ಪಿಸಿ ಬಂದಿದ್ದರು. ಅಷ್ಟು ಕಾಲ ಇವರೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಉಂಡ ಆ ಮೇಸ್ತ್ರಿ, ತಲೆಯೆತ್ತದೆ ಅವನ್ನು ತೆಗೆದುಕೊಂಡು, ಪಕ್ಷಾಂತರಿ ಎಂದನಂತೆ.

ಆದದ್ದಿಷ್ಟು. ಹಳೆಯದು ಮುಳುಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮೊದಲನೆಯವನು ಹಳೆಯದು ಎಂದ, ಅವನಿದ್ದಾನೆಂದು ಎರಡನೆಯವನು, ಎಲ್ಲರೂ ಇದ್ದಾರೆಂದು ಉಳಿದವರು. ನನ್ನ ಅಕ್ಕ ಮನುಷ್ಯರ ಬುದ್ಧಿಯ ಮೇಲೆ ಲೆಕ್ಕ ಹಾಕಿದ್ದಳು. ತನ್ನ ಮಗಳೇ ಸ್ವರ್ಣಧ್ವಜ ಸೇರಿದ ಕಾರಣವನ್ನು ಅವಳು ಮರೆತಿದ್ದಳು.

"ಅಲ್ಲಿ ನಿಲ್ಲೋಕೆ ಜಾಗ ಇರ್ಲಿಲ್ಲ ಕಣೆ," ಎಂದರು ಭಾವ. "ಹೊಸದ್ರಲ್ಲಿ ಹುಡುಗರು ನಾಲ್ಕು ಜನ. ಆ ಯಂತ್ರ ಹೇಳಿದ್ದನ್ನೆಲ್ಲ ನಂಬ್ಕೊಂಡು ಕೂತಿದ್ರು. ನಿಜಾನೇನೋ ಅಂತ ಕೇಳೋರು ಒಬ್ರೂ ಇಲ್ಲ. ಮುಳ್ಳೇ ಇಲ್ಲ ಅದಕ್ಕೆ."

ಅಕ್ಕನಿಗೆ ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಕಾಫಿಯೋ ಚಹಾವೋ ಎಂದು ಕೇಳಿದಳು. ಭಾವ ತಕ್ಷಣ ಕಾಫಿ ಎಂದರು. ಅದನ್ನು ಕೇಳಿ ಅವಳು ಬೆಚ್ಚಿದಳು. ಒಳಗೆ ಹೋದವಳು ಮತ್ತೆ ಬಾಗಿಲಿಗೆ ಬಂದು, ಮೆಲ್ಲನೆ ಕೇಳಿದಳು.

"ರೀ, ನಾಳೆ ಹಳೇ ಕಡೆಯವರೆಲ್ಲ ಹೊಸದಕ್ಕೆ ಬಂದುಬಿಟ್ರೆ?"

ಭಾವನವರ ಎಡಗೈ ಖಾಲಿ ಜೇಬಿನೊಳಗೆ ಹೋಗಿ, ಅಲ್ಲಿಲ್ಲದ ಬಟ್ಟುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡುತ್ತಿತ್ತು.

ಕೂದಲಿಗೆ, ಕುದುರೆಗೆ, ಗೆಳೆಯರಿಗೆ, ಗೆಲುವಿಗೆ ಮನಸೋತು ಪಕ್ಷ ಹಿಡಿಯುವ ನಮ್ಮಂಥವರು ಗುಂಪಿನೊಳಗೆ ನಮ್ಮ ತೂಕವನ್ನು ಮರೆತು ಹಾಯಾಗಿರುತ್ತೇವೆ. ಭಾವನಂಥವರಿಗೆ ಆ ಮರೆವು ದಕ್ಕುವುದಿಲ್ಲ. ತಾವು ಕೂತರೆ ಅಲುಗುವ ತಟ್ಟೆಯೇ ಅವರಿಗೆ ಬೇಕು. ಅವರ ಹೆಂಡತಿ ಮಕ್ಕಳಿಗೆ ಇದರಿಂದ ಒಂದು ದಿನವೂ ನೆಮ್ಮದಿಯಿಲ್ಲ. ಅವರನ್ನು ವೀರರೆಂದು ಹೊಗಳುವುದು ಸುಲಭ, ತಿಕ್ಕಲೆಂದು ನಗುವುದು ಇನ್ನೂ ಸುಲಭ. ನಾನು ಎರಡನ್ನೂ ಮಾಡಿದ್ದೇನೆ. ಆದರೆ ಈಚೆಗೆ ತುಂಬಿದ ಕೋಣೆಯೊಂದಕ್ಕೆ ಕಾಲಿಟ್ಟಾಗಲೆಲ್ಲ, ಎಲ್ಲರೊಡನೆ ಎಲ್ಲರಂತೆ ಆರಾಮಾಗಿ ಕೂರುವ ಮುನ್ನ, ನನ್ನ ಕಣ್ಣು ಎದುರಿನ ಖಾಲಿ ಸಾಲಿನತ್ತ ಹೋಗುತ್ತದೆ. ಅಲ್ಲಿ ಕಂದು ಕೋಟಿನವರೊಬ್ಬರು ಕೂತಿದ್ದರೆ ನನಗೆ ಧೈರ್ಯ. ಇಲ್ಲದಿದ್ದರೆ, ಕೂತ ನೆಲ ಸ್ವಲ್ಪ ವಾಲಿದಂತಾಗುತ್ತದೆ.