ಕೇಶರಬಾಯಿ ಹೆಸರಿಗೆ ಬಂದ ನೋಟಿಸು

ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ತುಳಜಾರಾಮನ ಹೋಟೆಲಿದೆ. ಅಲ್ಲಿಯ ಚಹಾ ಅಂತಿಂಥ ಚಹಾ ಅಲ್ಲ. ಒಮ್ಮೆ ಅದನ್ನು ಕುಡಿದು ಸೊಲ್ಲಾಪುರಕ್ಕೆ ಹೊರಟ ಲಾರಿ ಚಾಲಕನೊಬ್ಬನಿಗೆ ಮುಂಬೈವರೆಗೂ ಆಕಳಿಕೆ ಬರಲಿಲ್ಲವಂತೆ. ಮುಂದೆ ಸಮುದ್ರ ಅಡ್ಡ ಬಂದದ್ದರಿಂದ ಲಾರಿ ನಿಲ್ಲಿಸಿದನಂತೆ. ಇನ್ನು ಮಿರ್ಚಿ ಭಜಿಯ ವಾಸನೆಗೆ ಹೊರಟ ಬಸ್ಸುಗಳೂ ಹಿಂದಕ್ಕೆ ಬರುತ್ತವೆ. ಇದರಲ್ಲಿ ಸುಳ್ಳು ಇದ್ದರೂ ಒಂದು ಚಮಚಕ್ಕಿಂತ ಹೆಚ್ಚಿಲ್ಲ.

ಹೋಟೆಲಿನ ಬಾಗಿಲಿಗೆ ಶಹಾಬಾದಿ ಕಲ್ಲಿನ ಒಂದು ಮೆಟ್ಟಿಲು. ಮೂವತ್ತು ವರ್ಷ ಗಿರಾಕಿಗಳ ಕಾಲು ತಾಗಿ ಅದು ಎಷ್ಟು ನುಣುಪಾಗಿತ್ತೆಂದರೆ, ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ತುಳಜಾರಾಮ ಆ ಮೆಟ್ಟಿಲ ಮೇಲೆ ಕಾಯಿ ಒಡೆಯುತ್ತಿದ್ದ. ಕಾಯಿಯ ನೀರು ತಾನಾಗಿಯೇ ಒಣಗಬೇಕು, ಯಾರೂ ಒರೆಸಬಾರದು. ಒರೆಸಿದರೆ ಲಕ್ಷ್ಮಿ ಅರಿವೆಗೆ ಅಂಟಿಕೊಂಡು ಹೊರಟುಹೋಗುತ್ತಾಳೆ ಎಂಬುದು ಅವನ ಅಪ್ಪನ ಕಾಲದ ಮಾತು.

ಅಂಥ ಒಂದು ಅಮಾವಾಸ್ಯೆಯ ದಿನ ಮನ್ನಾಏಖೇಳ್ಳಿಯ ತೊಗರಿ ವ್ಯಾಪಾರಿ ಗುಂಡಪ್ಪ ಮೊಬೈಲಿನಲ್ಲಿ ಮಾತಾಡುತ್ತ ಒಳಗೆ ಬರಹೋಗಿ, ಆ ಮೆಟ್ಟಿಲ ಮೇಲೆ ಜಾರಿ ಬಿದ್ದ. ಬಿದ್ದ ಸಪ್ಪಳಕ್ಕೆ ಚಿಟಗುಪ್ಪದ ನಾಯಿಗಳೂ ಬೊಗಳಿದವು ಎನ್ನುತ್ತಾರೆ. ಬಲಗೈ ಮಣಿಕಟ್ಟು ಮುರಿಯಿತು. ತುಳಜಾರಾಮನ ಹೆಂಡತಿ ಕೇಶರಬಾಯಿ ಒಲೆಯ ಮುಂದಿನಿಂದ ಎದ್ದು ಓಡಿಬಂದಳು. ಗುಂಡಪ್ಪನಿಗೆ ನೀರು ಕುಡಿಸಿ, ಆಟೋದಲ್ಲಿ ದವಾಖಾನೆಗೆ ಕರೆದೊಯ್ದು, ಪ್ಲಾಸ್ಟರ್ ಹಾಕುವ ತನಕ ಅವನ ಪಕ್ಕದಲ್ಲೇ ಕೂತಿದ್ದಳು. ಸಂಜೆ ಬಂದವಳೇ ಪಕ್ಕದ ಮೊಬೈಲ್ ಅಂಗಡಿಯ ಜೀಶಾನನಿಗೆ ಹೇಳಿ, ಹೋಟೆಲಿನ ಕ್ಯಾಮೆರಾದ ಆ ದಿನದ ವಿಡಿಯೊವನ್ನು ಪೆನ್‌ಡ್ರೈವಿಗೆ ಹಾಕಿಸಿ ಇಟ್ಟಳು. ತನ್ನ ಕೈಯಿಂದ ಏನಾದರೂ ಎಣ್ಣೆ ಚೆಲ್ಲಿತ್ತೇ ಎಂಬ ಅನುಮಾನ ಅವಳನ್ನು ಕಾಡುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಒಂದು ರಿಜಿಸ್ಟರ್ಡ್ ಕವರು ಬಂತು. ಹೋಟೆಲಿನ ಪರವಾನಗಿ ಕೇಶರಬಾಯಿಯ ಹೆಸರಿನಲ್ಲಿದ್ದದ್ದರಿಂದ ಕವರಿನ ಮೇಲೂ ಅವಳದೇ ಹೆಸರು. ಅವಳು ಬಸವಕಲ್ಯಾಣದ ತವರಿಗೆ ಹೋಗಿದ್ದಳು. ಗುಂಡಪ್ಪನ ವಕೀಲರ ಮುದ್ರೆ ಕಂಡದ್ದೇ ತುಳಜಾರಾಮ ಕೈ ಹಿಂದಕ್ಕೆ ಕಟ್ಟಿಕೊಂಡ. ಮುಟ್ಟಿದರೆ ತಪ್ಪು ಒಪ್ಪಿದಂತೆ ಎಂದು ಯಾರೋ ಹೇಳಿದ್ದರು. ಕವರು ಬಂದ ದಾರಿಯಲ್ಲೇ ವಾಪಸು ಹೋಯಿತು. ಹೆಂಡತಿಗೆ ಅವನು ಒಂದು ಮಾತೂ ಹೇಳಲಿಲ್ಲ.

ಮೂರು ತಿಂಗಳ ಮೇಲೆ ಬೀದರಿನ ಜಿಲ್ಲಾ ಗ್ರಾಹಕರ ಆಯೋಗದಿಂದ ಇನ್ನೊಂದು ಕವರು ಬಂತು. ಈ ಸಲ ಕೇಶರಬಾಯಿಯೇ ಸಹಿ ಮಾಡಿ ತೆಗೆದುಕೊಂಡಳು. ಅದು ಗುಂಡಪ್ಪ ಕೊಟ್ಟ ದೂರು, ಅವಳು ಓದಿಸಿ ಕೇಳಿದಳು. ಹೋಟೆಲಿನ ಒಳಗೆ ಚೆಲ್ಲಿದ ಎಣ್ಣೆಯ ಮೇಲೆ ತಾನು ಬಿದ್ದೆ, ಸೊಂಟವೂ ಮುರಿಯಿತು, ಹೋಟೆಲಿನವರು ಒಂದು ಲೋಟ ನೀರು ಸಹ ಕೊಡಲಿಲ್ಲ, ಐದು ಲಕ್ಷ ಪರಿಹಾರ ಬೇಕು ಎಂದು ಗುಂಡಪ್ಪ ಬರೆಸಿದ್ದ. ಅಷ್ಟು ಕೊಟ್ಟರೆ ಹೋಟೆಲಿನ ಬಾಗಿಲು ಮುಚ್ಚಬೇಕಾಗುತ್ತಿತ್ತು.

ತುಳಜಾರಾಮ ಮಾತ್ರ ಮೀಸೆ ತಿರುವಿದ. ಗುಂಡಪ್ಪ ಎಂಬ ಮನುಷ್ಯ ನಮ್ಮ ಹೋಟೆಲಿಗೆ ಬಂದೇ ಇಲ್ಲ ಎಂದು ಸಾಕ್ಷಿ ಹೇಳಲು ನಲವತ್ತು ಮಂದಿ ಸಿದ್ಧರಿದ್ದಾರೆ ಎಂದ. ನಿಜಕ್ಕೂ ಇದ್ದವರು ನಾಲ್ವರು. ನಾಲ್ವರೂ ವಾರದಿಂದ ಪುಕ್ಕಟೆ ಭಜಿ ತಿನ್ನುತ್ತಿದ್ದರು.

ಕೇಶರಬಾಯಿ ಮಾಣಿಕನಗರದ ದ್ರೌಪತಿಯನ್ನು ಕರೆಸಿದಳು. ಮಹಿಳಾ ಸಂಘದ ಸದಸ್ಯೆಯಾದ ದ್ರೌಪತಿ ತಾಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ. ಆಕೆ ಕಾಗದವನ್ನೆಲ್ಲ ಎರಡು ಸಲ ಓದಿದಳು. ಮೊದಲು ಬಂದ ಕವರು ಎಲ್ಲಿ ಎಂದು ಕೇಳಿದಾಗ ತುಳಜಾರಾಮ ಚಹಾ ಸೋಸಲು ನಿಂತ.

"ವಾಪಸ್ ಕಳಿಸೀನಿ ತಂಗಿ. ತಗೊಂಡ್ರ ತಪ್ಪು ಒಪ್ಪಿದಂಗ ಅಲ್ಲೇನು?"

"ಬಾಗಲಾ ಹಾಕ್ಕೊಂಡ್ರ ಮಳಿ ನಿಂದರ್ತದೇನಣ್ಣಾ? ತಗೊಳ್ಳಲಿಲ್ಲ ಅಂತ ಅಂಚಿಯವ್ರು ಕವರ್ ಮ್ಯಾಲ ಬರದು ಕಳಸ್ತಾರ. ಕಾನೂನಿಗೆ ಅದು ಮುಟ್ಟಿದ ಲೆಕ್ಕ. ಅವತ್ತೇ ಜವಾಬ್ ಕೊಟ್ಟಿದ್ರ ಮಾತು ಇಲ್ಲೇ ಮುಗೀತಿತ್ತೇನೋ. ಈಗ ಈ ಕಾಗದ ಕೈಗೆ ಬಂದು ಎಷ್ಟು ದಿನ ಆತು?"

"ಒಂಬತ್ತು ದಿನ ಆತ್ರಿ," ಎಂದಳು ಕೇಶರಬಾಯಿ.

ಮೂವತ್ತು ದಿನದೊಳಗೆ ಬರಹದಲ್ಲಿ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನು ಹದಿನೈದು ದಿನ, ಅದರಾಚೆ ನಮ್ಮ ಉತ್ತರವನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ದ್ರೌಪತಿ ಬಿಡಿಸಿ ಹೇಳಿದಳು. ತುಳಜಾರಾಮ ತನ್ನ ನಲವತ್ತು ಸಾಕ್ಷಿಗಳ ಮಾತು ತೆಗೆದ. ಆಗ ಕೇಶರಬಾಯಿ ಗಂಡನ ಕಡೆ ತಿರುಗಿದಳು.

"ನನ್ನ ಹೆಸರಿನ ಕಾಗದ ನನಗ ಹೇಳದೆ ಕಳಿಸಿಬಿಟ್ರಿ. ಈಗ ನಾ ದವಾಖಾನಿಗೇ ಹೋಗಿಲ್ಲ ಅಂತ ಹೇಳಬೇಕೇನ್ರಿ? ದವಾಖಾನಿ ಕಾಗದದಾಗ ಕರ್ಕೊಂಡು ಬಂದವ್ರು ಯಾರು ಅನ್ನೋ ಕಡಿ ನನ್ನ ಸಹಿ ಅದ."

ತುಳಜಾರಾಮ ಸೋಸುತ್ತಿದ್ದ ಚಹಾ ಲೋಟ ತುಂಬಿ ಹರಿಯಿತು.

"ಆ ಸಹಿನೇ ನಿಮಗ ದೊಡ್ಡ ಆಸರಾ," ಎಂದಳು ದ್ರೌಪತಿ. "ನೀರು ಸೈತ ಕೊಡಲಿಲ್ಲ ಅಂತ ಆಂವ ಬರಸ್ಯಾನ. ಅದು ಝೂಟ ಅಂತ ಕೇಶರ ವೈನಿ ಸಹಿ ಹೇಳ್ತದ. ಆದ್ರ ನೀವು ಆಂವ ಬಂದೇ ಇಲ್ಲ ಅಂದ್ರ, ಅದೇ ಸಹಿ ನಿಮ್ಮ ಎದುರಿಗೆ ನಿಂದರ್ತದ. ಆಮ್ಯಾಲ ನೀವು ಖರೇ ಹೇಳಿದ್ರೂ ಯಾರು ನಂಬ್ತಾರ?"

ಜೀಶಾನನ ಅಂಗಡಿಯಲ್ಲಿ ಮೂವರೂ ಕೂತು ವಿಡಿಯೊ ನೋಡಿದರು. ಕ್ಯಾಮೆರಾಗೆ ಒಳಗಿನ ನೆಲವೂ ಮೆಟ್ಟಿಲೂ ಎರಡೂ ಕಾಣುತ್ತಿದ್ದವು. ಒಳಗೆ ಎಲ್ಲೂ ಎಣ್ಣೆ ಇರಲಿಲ್ಲ. ಗುಂಡಪ್ಪ ಬಿದ್ದದ್ದು ಮೆಟ್ಟಿಲ ಮೇಲೆ, ಕಣ್ಣು ದಾರಿಯ ಮೇಲಿರಲಿಲ್ಲ. ತುಳಜಾರಾಮ ಗೆದ್ದವನಂತೆ ತೊಡೆ ತಟ್ಟಿದ.

ದ್ರೌಪತಿ ವಿಡಿಯೊವನ್ನು ಒಂದು ತಾಸು ಹಿಂದಕ್ಕೆ ಎಳೆಯಲು ಹೇಳಿದಳು. ಪರದೆಯ ಮೇಲೆ ಒಬ್ಬ ಮನುಷ್ಯ ಹಾಲಿನ ಕ್ಯಾನು ಹಿಡಿದು ಬಂದ, ಲುಂಗಿ ಎತ್ತಿ, ಮೆಟ್ಟಿಲನ್ನು ಮುಟ್ಟದೆ ಉದ್ದ ಹೆಜ್ಜೆ ಹಾಕಿ ದಾಟಿದ. ಮತ್ತೆ ಹೊರಗೆ ಹೋದ, ಮತ್ತೆ ದಾಟಿದ. ಒಂದು ತಾಸಿನಲ್ಲಿ ಆರು ಸಲ ದಾಟಿದ. ಆ ಮನುಷ್ಯ ತುಳಜಾರಾಮನೇ.

ತೊಡೆ ತಟ್ಟಿದ ಕೈಯನ್ನೇ ತುಳಜಾರಾಮ ತಲೆಯ ಮೇಲೆ ಇಟ್ಟುಕೊಂಡ. ಕಲ್ಲು ಜಾರುತ್ತದೆಂದು ಅವನ ಕಾಲಿಗೆ ಗೊತ್ತಿತ್ತು. ಗಿರಾಕಿಯ ಕಾಲಿಗೆ ಹೇಗೆ ಗೊತ್ತಾಗಬೇಕು?

"ಇದನ್ನೂ ತೋರಸಬೇಕೇನು?" ಎಂದು ತುಳಜಾರಾಮ ಕೇಳಿದ.

"ಪೂರಾ ಕೊಡಬೇಕಣ್ಣಾ. ನಮಗ ಬೇಕಾದಷ್ಟು ಕತ್ತರಿಸಿ ಕೊಟ್ರ ಉಳಿದದ್ದರ ಮ್ಯಾಲೂ ಶಕ್ ಬರ್ತದ. ನಿಮ್ಮ ತಪ್ಪು ಎಷ್ಟದ ಅಷ್ಟು ಒಪ್ಪರಿ. ಇಲ್ಲದ್ದನ್ನ ಒಪ್ಪಬ್ಯಾಡ್ರಿ."

ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ ಎಂದು ದ್ರೌಪತಿ ಸಮಿತಿಗೆ ಅರ್ಜಿ ಬರೆಸಿದಳು. ವಕೀಲರು ಕೇಶರಬಾಯಿಯ ಮಾತು ಕೇಳಿ, ಹೌದೆನ್ನುವುದನ್ನು ಹೌದೆಂದೂ ಅಲ್ಲದ್ದನ್ನು ಅಲ್ಲವೆಂದೂ ಉತ್ತರ ಬರೆದರು. ಬಿದ್ದದ್ದು ನಿಜ, ಮೆಟ್ಟಿಲು ಒದ್ದೆ ಇದ್ದದ್ದು ನಿಜ. ಒಳಗೆ ಎಣ್ಣೆ ಇತ್ತೆಂಬುದು ಸುಳ್ಳು. ದವಾಖಾನೆಯ ಕಾಗದದಲ್ಲಿ ಸೊಂಟದ ಸುದ್ದಿಯೇ ಇಲ್ಲ. ಇಪ್ಪತ್ತೆರಡನೆಯ ದಿನಕ್ಕೆ ಉತ್ತರವೂ ಪೂರ್ತಿ ವಿಡಿಯೊವೂ ಬೀದರ್ ಮುಟ್ಟಿದವು. ಭಜಿ ಸಾಕ್ಷಿಗಳು ಬೇರೆ ಹೋಟೆಲು ಹುಡುಕಿಕೊಂಡರು.

ಆಯೋಗ ಇಬ್ಬರನ್ನೂ ರಾಜಿ ಮಾತುಕತೆಗೆ ಕೂಡಿಸಿತು. ಹೆಚ್ಚು ಬರೆಸಿದರೆ ಅರ್ಧವಾದರೂ ಸಿಗುತ್ತದೆಂದು ಯಾರೋ ತಲೆ ತುಂಬಿದ್ದನ್ನು ಗುಂಡಪ್ಪ ಒಪ್ಪಿಕೊಂಡ. ಆಮೇಲೆ ಕೇಶರಬಾಯಿಯ ಕಡೆ ತಿರುಗಿ ಹೇಳಿದ: "ನೀವು ದವಾಖಾನ್ಯಾಗ ಕೂತದ್ದು ಮರತಿಲ್ಲ ಅಕ್ಕಾ. ಆದ್ರ ನನ್ನ ಕಾಗದ ವಾಪಸ್ ಬಂತು ನೋಡ್ರಿ, ಅದು ಕೈಗಿಂತ ಹೆಚ್ಚು ನೋಯ್ತು."

ತುಳಜಾರಾಮ ಎದ್ದು ನಿಂತ. "ಕಾಗದ ಕಳಿಸಿದಾಂವ ನಾನು, ಆಕಿಗೆ ಗೊತ್ತೇ ಇದ್ದಿಲ್ಲ. ಕಲ್ಲು ಜಾರ್ತದಂತ ನನಗ ಗೊತ್ತಿತ್ತು. ನಾ ದಾಟಿ ಹೋಗಾಕತ್ತಿದ್ದೆ, ನಿಮಗ ಹೇಳಲಿಲ್ಲ."

ಕೈಯ ಚಿಕಿತ್ಸೆಯ ಖರ್ಚು ಮತ್ತು ಕೆಲಸ ಬಿಟ್ಟ ಆರು ವಾರದ ನಷ್ಟ ಕೊಡುವುದೆಂದು ಮಾತಾಯಿತು. ಉಳಿದ ದೂರನ್ನೆಲ್ಲ ಗುಂಡಪ್ಪ ಹಿಂದಕ್ಕೆ ಪಡೆದ. ಒಪ್ಪಂದದ ಕಾಗದ ಬಂದಾಗ ತುಳಜಾರಾಮ ಅದನ್ನು ಮೊದಲು ಹೆಂಡತಿಯ ಮುಂದೆ ಇಟ್ಟು, ಪೂರಾ ಓದಿಸಿ ಕೇಳು ಎಂದ. ಅವಳು ಪೂರಾ ಕೇಳಿಯೇ ಸಹಿ ಮಾಡಿದಳು.

ಅಂಗಡಿ, ಹೋಟೆಲು, ಖಾನಾವಳಿ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಲ್ಲೂ ನೀವು ದಾಟಿಕೊಂಡು ಹೋಗುವ ಒಂದು ಜಾಗ ಇದ್ದೀತು. ಗಿರಾಕಿ ಬರುವ ಮೊದಲೇ ಅದನ್ನು ಒರೆಸಿ, ಸರಿ ಮಾಡಿ. ಆದರೂ ಯಾರಾದರೂ ಬಿದ್ದರೆ ಮೊದಲು ಮನುಷ್ಯನನ್ನು ನೋಡಿ, ದವಾಖಾನೆಗೆ ಕರೆದೊಯ್ಯಿರಿ. ಏನಾಯಿತು, ಯಾರು ನೋಡಿದರು ಎಂದು ಅದೇ ದಿನ ಬರೆದಿಡಿ. ಕ್ಯಾಮೆರಾ ಇದ್ದರೆ ವಿಡಿಯೊ ಅಳಿಸಿಹೋಗುವ ಮೊದಲು ತೆಗೆದಿಡಿ. ಅಂಗಡಿಗೆ ವಿಮೆ ಇದ್ದರೆ ಅವರಿಗೂ ಕೂಡಲೇ ತಿಳಿಸಿ. ನೋಟಿಸು ಬಂದರೆ ಸಹಿ ಮಾಡಿ ತೆಗೆದುಕೊಳ್ಳಿ, ಬಂದ ದಿನಾಂಕ ಬರೆದಿಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಉಚಿತ ಕಾನೂನು ನೆರವಿದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ವಕೀಲರ ಮುಂದೆ ಕೂತಾಗ ನಡೆದದ್ದನ್ನು ನಡೆದಂತೆಯೇ ಹೇಳಿ.